ರೊಪ್ಪ ಸುಡಿಸಿದ ಸುಳ್ಳು

ಸಣ್ಣಿ, ಅವತ್ತು ನನ್ನ ಮೈಮೇಲೆ ಮಾರಮ್ಮ ಬಂದಿರಲಿಲ್ಲ. ಕೂದಲು ಬಿಚ್ಚಿ ಹೊರಳಿದ್ದು ನಾನೇ, ಕೂಗಿದ್ದೂ ನಾನೇ — ಪೂರ್ತಿ ಎಚ್ಚರದಲ್ಲಿದ್ದುಕೊಂಡೇ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಆ ಸುಳ್ಳಿಗೆ ಈಗಲೂ ನಾಚುವುದಿಲ್ಲ.

ಕನ್ನಂಬಾಡಿ ನೀರು ನಾಲೆಯಲ್ಲಿ ಮಂಡ್ಯದ ಕಡೆಗೆ ಹೊಸದಾಗಿ ಹರಿಯುತ್ತಿದ್ದ ಕಾಲ. ನೀನು ನನ್ನ ಮೈದುನನ ಕೈಹಿಡಿದು ಪೂರಿಗಾಲಿಗೆ ಬಂದ ಹೊಸತು. ಮುಳ್ಳುಬೇಲಿ ಕಟ್ಟಿದ್ದ ನಮ್ಮ ರೊಪ್ಪದಲ್ಲಿ ಕೂಡಿದ್ದ ಕುರಿಗಳು ಜ್ವರ ಬಂದು ಕುಸಿಯತೊಡಗಿದವು. ಕಣ್ಣು ಹಳದಿ, ಉಚ್ಚೆ ರಕ್ತದಂತೆ ಕೆಂಪು. ಮಳವಳ್ಳಿಯಿಂದ ಬಂದ ದನದ ಡಾಕ್ಟರು ಒಂದು ಕುರಿಯ ಕಿವಿ ಮಗುಚಿ, ಹರಳುಬೀಜದಂತೆ ಊದಿದ್ದ ಉಣ್ಣಿಗಳನ್ನು ತೋರಿಸಿದರು. “ಇವು ಕಚ್ಚಿದಾಗ ಕಣ್ಣಿಗೆ ಕಾಣದ ಹುಳು ರಕ್ತಕ್ಕೆ ಸೇರಿ ಅದನ್ನ ಒಡೆಯುತ್ತೆ. ರೊಪ್ಪದ ಬೇಲಿ ತುಂಬ ಉಣ್ಣಿ ಇದೆ. ಸುಟ್ಟುಹಾಕಿ, ಕುರಿಗಳನ್ನ ಬೇರೆ ಕಡೆ ಕೂಡಿ” ಎಂದರು.

“ನಮ್ಮಪ್ಪನ ಕಾಲದಲ್ಲೂ ಉಣ್ಣಿ ಇತ್ತು ಕಣ್ ಸ್ವಾಮಿ” ಎಂದು ಮಾವ ಅವರನ್ನು ಸಾಗಹಾಕಿದರು. ಆಮೇಲೆ ನಿನ್ನ ಕಡೆ ತಿರುಗಿದರು.

“ಇವ್ಳು ಒಸ್ಲು ತುಳಿದ್ಮೇಲೇ ಕುರಿ ಸಾಯ್ತಿರೋದು. ನಾಳೆ ತವರ್ಗೆ ಬುಟ್ಬನ್ನಿ. ತಿರ್ಗ ಕರ್ಕೊಂಬರ್ಬ್ಯಾಡಿ.”

ನಿನ್ನ ಗಂಡ ತಲೆಯೆತ್ತಲಿಲ್ಲ. ನೀನು ಕಂಬ ಹಿಡಿದು ನಿಂತಿದ್ದೆ, ಕೆನ್ನೆಯ ಅರಿಶಿನ ಕೂಡ ಇನ್ನೂ —

ಡಾಕ್ಟರ ಮಾತೇ ನಡೆಯದ ಮನೆಯಲ್ಲಿ ಸೊಸೆಯ ಮಾತು ಯಾವ ಲೆಕ್ಕ? ಮಾರನೆಯ ಬೆಳಿಗ್ಗೆ ಗಾಡಿ ಕಟ್ಟುತ್ತಿದ್ದಾಗ ನಾನು ಅಂಗಳದಲ್ಲಿ ಬಿದ್ದೆ.

“ರೊಪ್ಪ ಸುಡ್ರೋ! ನನ್ ಮಗಳ್ನ ಒರ್ಗಾಕಿದ್ರೆ ಮನೇನೇ ಸುಟ್ಬುಡ್ತೀನಿ!”

ಮಾವ ನನ್ನ ಕಾಲು ಹಿಡಿದರು. ಮಧ್ಯಾಹ್ನದೊಳಗೆ ರೊಪ್ಪ ಬೂದಿಯಾಯಿತು. ಆಗಲೇ ಮಲಗಿದ್ದ ಕುರಿಗಳಲ್ಲಿ ಕೆಲವು ಸತ್ತವು, ಮಂದೆ ಉಳಿಯಿತು. ನೀನೂ ಉಳಿದೆ. ಅಂಥ ಹೊತ್ತು ಮತ್ತೆ ಬಂದರೆ ಮತ್ತೆ ಹೊರಳುತ್ತೇನೆ — ಮಾರಮ್ಮ ಬೇಕಾದರೆ ನನ್ನನ್ನೇ ಕೇಳಲಿ.

ನಾನು ನಾಚುವುದು ಇನ್ನೊಂದಕ್ಕೆ. ಎಷ್ಟೋ ವರ್ಷದ ಮೇಲೆ, ಸಾಯುವ ಮುಂಚೆ, ಮಾವ ನನ್ನನ್ನು ಹತ್ತಿರ ಕರೆದರು. “ತಾಯಿ, ಆ ಎಣ್ಮಗೀಗೆ ಅನ್ಬಾರದ್ದ ಅಂದ್ಬುಟ್ಟೆ. ಒಟ್ಟೆಗಾಕ್ಕೊ” ಎಂದು, ನನ್ನಲ್ಲಿ ಮಾರಮ್ಮನನ್ನೇ ಕಂಡವರಂತೆ ಕೈಮುಗಿದರು. ನೀನು ಅಡುಗೆಮನೆಯಲ್ಲೇ ಅವರಿಗೆ ಗಂಜಿ ಕಾಯಿಸುತ್ತಿದ್ದೆ. ನಿನ್ನನ್ನು ಕೂಗಬೇಕಿತ್ತು. ನಾನು — “ಆಯ್ತು” ಎಂದುಬಿಟ್ಟೆ. ಅವರು ನೆಮ್ಮದಿಯಿಂದ ಕಣ್ಣು ಮುಚ್ಚಿದರು.

ಆ ಕ್ಷಮೆ ನಿನ್ನದಾಗಿತ್ತು, ಸಣ್ಣಿ. ಕೊಡುವುದೋ ಬಿಡುವುದೋ, ನೀನು ಹೇಳಬೇಕಿತ್ತು.