ಕಾಕಾನ ಬೇಹುಗಾರಿಕೆ ಮತ್ತು ನನ್ನ ಕಾನ್ವೆಂಟ್ ಇಂಗ್ಲಿಷು

ಕಟಕ್. ಅದು ಅಡಕೊತ್ತಿನ ಸಪ್ಪಳ. ನಮ್ಮ ಕಾಕಾ ಪತ್ರ ಹೇಳಿ ಬರೆಸುವಾಗ ಒಂದು ವಾಕ್ಯ ಮುಗಿದರೆ ಒಂದು ಅಡಿಕೆ ಕತ್ತರಿಸುತ್ತಿದ್ದರು. ಅದೇ ಅವರ ಫುಲ್‌ಸ್ಟಾಪ್. ಎರಡು ಸಲ ಕಟಕ್ ಕಟಕ್ ಎಂದರೆ ಪ್ಯಾರಾ ಬದಲಿಸಬೇಕು. ಕಾಮಾಕ್ಕೆ ಸಪ್ಪಳವಿರಲಿಲ್ಲ. ಕಾಕಾ ಕಾಮಾ ಹಾಕುವ ಪೈಕಿಯವರೇ ಅಲ್ಲ.

ಈ ಸಪ್ಪಳ ಮೊನ್ನೆ ಬೆಳಿಗ್ಗೆ ಬೈಲಹೊಂಗಲದ ನಮ್ಮ ಮನೆಯಲ್ಲಿ ಇದ್ದಕ್ಕಿದ್ದಂತೆ ನೆನಪಿನಿಂದ ಎದ್ದು ಕಿವಿಗೆ ಬಂತು. ನಾನು ಚಹಾದಲ್ಲಿ ಬಿಸ್ಕಿಟ್ ಅದ್ದುತ್ತ ಟಿ.ವಿ. ನೋಡುತ್ತಿದ್ದೆ. ದೂರದ ಯಾವುದೋ ದೇಶದ ಪಾರ್ಲಿಮೆಂಟು, ತನ್ನದೇ ಕೆಲವು ಸದಸ್ಯರು ಪರದೇಶದ ಗೂಢಚಾರರ ಜೊತೆ ನಂಟು ಇಟ್ಟುಕೊಂಡಿದ್ದರೇ ಎಂದು ವಿಚಾರಿಸಲು ಒಂದು ಕಮಿಟಿ ಮಾಡಿದೆಯಂತೆ. ಸುದ್ದಿ ಓದುವ ಹುಡುಗಿ ಅದನ್ನು ಎಷ್ಟು ಗಂಭೀರವಾಗಿ ಹೇಳಿದಳೆಂದರೆ ನನಗೆ ಖೊಳ್ಳನೆ ನಗು ಬಂತು. ಬಿಸ್ಕಿಟ್ ಮುರಿದು ಚಹಾದ ತಳ ಸೇರಿತು.

"ಯಾಕ ನಗಾಕತ್ತೀರಿ ಆಯಿ? ಅದರಾಗ ನಗೂವಂಥಾದ್ದ ಏನೈತಿ?" ಎಂದಳು ಮೊಮ್ಮಗಳು ಪಲ್ಲವಿ, ಫೋನಿನಿಂದ ತಲೆ ಎತ್ತದೆ.

"ನಮ್ಮ ಮನಿತನದಾಗೂ ಒಬ್ಬರ ಮ್ಯಾಲೆ ಇಂಥಾ ಎನ್‌ಕ್ವಾಯರಿ ಆಗಿತ್ತವಾ. ಅದಕ್ಕ ಕಾರಣ ನಾನ."

ಪಲ್ಲವಿ ಫೋನು ಕೆಳಗಿಟ್ಟಳು. ಈಗಿನ ಕಾಲದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಮುದುಕಿಯರಿಗೆ ಸಿಗುವುದಿಲ್ಲ. ಸಿಕ್ಕಾಗ ಬಿಡಬಾರದು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಕೂಡ್ರಿ.

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಸವದತ್ತಿಯಲ್ಲಿ ಅವರ ಮನೆ, ಹೊಲ. ಜೋಳ, ಹತ್ತಿ, ಎಮ್ಮೆ ಬಿಟ್ಟರೆ ಬೇರೆ ವಿಷಯದಲ್ಲಿ ಆಸಕ್ತಿಯಿಲ್ಲದ ಮನುಷ್ಯ. ಪಾರ್ಟಿಯ ಇಬ್ಬರು ದೊಡ್ಡವರು ಇಲೆಕ್ಷನ್ ಟಿಕೆಟ್ಟಿಗಾಗಿ ಜಗಳಾಡಿಕೊಂಡಾಗ, ಯಾರಿಗೂ ಬೇಡವಾಗದ ಈ ಮೂರನೆಯವರಿಗೆ ಅದು ಸಿಕ್ಕಿ, ಆರಿಸಿಯೂ ಬಂದು, ನೋಡನೋಡುತ್ತ ಪಾರ್ಲಿಮೆಂಟಿನ ಮೆಂಬರಾದರು. ಇಂಗ್ಲಿಷು ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ಕಾನ್ವೆಂಟು ಮುಗಿಸಿ ಬೆಳಗಾವಿಯಿಂದ ಬಂದು ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ನಮ್ಮಪ್ಪ, "ಕಾಕಾನ ಇಂಗ್ಲಿಷ್ ಕಾಗದಪತ್ರ ನೋಡ್ಕೊ, ಹೋಗು" ಎಂದು ಸವದತ್ತಿಗೆ ಕಳಿಸಿದರು. ನಾನೋ, ಸಿಸ್ಟರ್‌ಗಳ ಕೈಯಲ್ಲಿ ಪಳಗಿದವಳು. ಬೆನ್ನು ನೆಟ್ಟಗೆ, ಗ್ರಾಮರ್ ಅದಕ್ಕಿಂತ ನೆಟ್ಟಗೆ. ಕಾಕಾನಿಗಾಗಿ ತರಿಸಿದ್ದ ಹಳೆಯ ಟೈಪ್‌ರೈಟರಿನ ಮುಂದೆ ಕೂತರೆ ಇಡೀ ದೇಶವೇ ನನ್ನ ಬೆರಳ ತುದಿಯಲ್ಲಿದೆ ಅನ್ನಿಸುತ್ತಿತ್ತು.

ಒಂದು ಸಲ ದಿಲ್ಲಿಯಲ್ಲಿ ಯಾವುದೋ ಟೀ ಪಾರ್ಟಿ. ಅಲ್ಲಿ ಪರದೇಶದ ರಾಯಭಾರ ಕಚೇರಿಯ ಸಾಹೇಬನೊಬ್ಬ ಕಾಕಾನ ಕೈ ಕುಲುಕಿ, ನಿಮ್ಮ ಕಡೆ ಎಲ್ಲ ಹೇಗಿದೆ ಎಂದು ಕೇಳಿದ. ಪಕ್ಕದಲ್ಲಿದ್ದ ಮೆಂಬರೊಬ್ಬರು ಅದನ್ನು ಕನ್ನಡದಲ್ಲಿ ತಿಳಿಸಿದರು. ಬೇರೆ ಯಾರೇ ಆಗಿದ್ದರೂ ಫೈನ್ ಎಂದು ಹಲ್ಲು ತೋರಿಸಿ ಮುಂದೆ ಹೋಗುತ್ತಿದ್ದರು. ಆದರೆ ನಮ್ಮ ಕಡೆ ನಿಮಗೆ ಗೊತ್ತಲ್ಲ, ಕಟ್ಟೆಯ ಮೇಲೆ ಕೂತವರು ಹೇಗಿದೆ ಎಂದು ಕೇಳಿದರೆ ಅದು ನಿಜವಾದ ಪ್ರಶ್ನೆ. ಮಳೆಯಿಂದ ಸುರು ಮಾಡಿ ಬೆಳೆ, ದನ, ಧಾರಣೆ, ಬೀಗರ ಮನೆಯ ಬಾಣಂತನದವರೆಗೆ ಹೇಳಿ ಮುಗಿಸಬೇಕು. ಕಾಕಾ ಮಳೆಯಿಂದ ಸುರು ಮಾಡಿದರು. ಅವರು ಬೆಳೆಗೆ ಬರುವಷ್ಟರಲ್ಲಿ ಸಾಹೇಬನನ್ನು ಯಾರೋ ಕರೆದರು. ಅವನು ತನ್ನ ಕಾರ್ಡು ಕೊಟ್ಟು, ಬರೆಯುತ್ತಿರಿ ಎಂದು ಹೇಳಿ ಪಾರಾದ.

ಕಾಕಾನಿಗೆ ಅರ್ಧ ಉತ್ತರ ಕೊಟ್ಟು ಬಂದ ಸಂಕಟ. ಸವದತ್ತಿಗೆ ಬಂದವರೇ, "ತಂಗಿ, ಮಶೀನ್ ತಗಿ" ಎಂದರು.

"ಯಾರಿಗ್ರಿ ಕಾಕಾ?"

"ಆ ಸಾಹೇಬಗ. ಪಾಪ, ಅಷ್ಟು ಕಳಕಳಿಯಿಂದ ಕೇಳ್ಯಾನ. ಮಳೀದಷ್ಟ ಹೇಳಿ ಬಂದೇನಿ."

ಹಾಗೆ ಸುರುವಾಯಿತು. ಕಾಕಾ ಊರಿಗೆ ಬಂದಾಗಲೆಲ್ಲ ಒಂದು ಪತ್ರ. ಮಲಪ್ರಭೆಯ ಆಣೆಕಟ್ಟಿನಲ್ಲಿ ನೀರು ಎಷ್ಟು ನಿಂತಿದೆ, ಕಟಕ್. ಯಾವ ರಸ್ತೆಯ ಸೇತುವೆ ಕುಸಿದಿದೆ, ಕಟಕ್. ಕರಿ ಎಮ್ಮೆ ಈದಿದೆ, ತಾಯಿ ಮಗು ಆರಾಮ, ಕಟಕ್. ರಾಮದುರ್ಗದ ಕಡೆ ಹೋಗಿದ್ದೆ, ತೊರಗಲ್ ಕೋಟೆಯ ಪಡುವಣ ಗೋಡೆ ಬಿದ್ದುಹೋಗಿದೆ, ಯಾರು ಬೇಕಾದರೂ ಒಳಗೆ ಹೋಗಬಹುದು, ಕೇಳುವವರಿಲ್ಲ, ಕಟಕ್ ಕಟಕ್.

ನಾನು ಬರೀ ತರ್ಜುಮೆ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಾನು ಕಾನ್ವೆಂಟ್ ಹುಡುಗಿ. ಎಮ್ಮೆ ಎಂಬ ಶಬ್ದ, ಅದರ ಹೆರಿಗೆ, ಇವೆಲ್ಲ ಪರಗಂಡಸಿಗೆ ಬರೆಯುವ ಪತ್ರದಲ್ಲಿ ಬರುವುದು ಡೀಸೆಂಟ್ ಅಲ್ಲವೆಂದು ತೋರಿತು. ದಿ ಬ್ಲ್ಯಾಕ್ ಒನ್ ಹ್ಯಾಸ್ ಡೆಲಿವರ್ಡ್, ಬೋತ್ ಆರ್ ಸೇಫ್ ಎಂದು ಹೊಡೆದೆ. ಇನ್ನು ಪತ್ರದ ಕೊನೆ. ಕಾಕಾ ಹೇಳುತ್ತಿದ್ದದ್ದು ಇಷ್ಟೇ: "ನಿಮ್ಮ ಕಡೆ ಹೆಂಗೈತಿ, ಬರೀರಿ." ಇದು ನನಗೆ ತೀರ ಹಳ್ಳಿಯದಾಯಿತು ಅನ್ನಿಸಿತು. ಆಫೀಸಿನ ಪತ್ರಗಳಿಗೆಂದು ಸಿಸ್ಟರ್ ಬಾಯಿಪಾಠ ಮಾಡಿಸಿದ್ದ ಮುಕ್ತಾಯವೊಂದಿತ್ತು. ಅದನ್ನೇ ಪ್ರತಿ ಪತ್ರಕ್ಕೂ ಅಂಟಿಸಿದೆ: ಅವೇಟಿಂಗ್ ಯುವರ್ ಫರ್ದರ್ ಇನ್‌ಸ್ಟ್ರಕ್ಷನ್ಸ್. ತಮ್ಮ ಮುಂದಿನ ಅಪ್ಪಣೆಯನ್ನು ಎದುರು ನೋಡುತ್ತಾ. ಎಂಥ ಗಾಂಭೀರ್ಯ! ಓದಿ ನಾನೇ ಖುಷಿಪಟ್ಟೆ.

ಸಾಹೇಬನಿಂದ ಬಂದದ್ದು ಒಂದೇ ಒಂದು ಕ್ರಿಸ್‌ಮಸ್ ಕಾರ್ಡು. ಬಹಳ ಸ್ವಾರಸ್ಯವಾಗಿದೆ, ಬರೆಯುತ್ತಿರಿ ಎಂದಿತ್ತು. ಕಾಕಾ ಅದನ್ನು ಎಲ್ಲಮ್ಮನ ಕ್ಯಾಲೆಂಡರಿನ ಪಕ್ಕ ಮೊಳೆ ಹೊಡೆದು ತೂಗುಹಾಕಿದರು.

ಮುಂದಿನದನ್ನು ನೀವು ಊಹಿಸಿಯೇ ಇರುತ್ತೀರಿ. ಸಾಹೇಬ ಗೂಢಚಾರನಾಗಿದ್ದ. ಅವನ ದೇಶದ ಪತ್ರಿಕೆಯೇ ಅದನ್ನು ಬಯಲು ಮಾಡಿತು. ಅವನು ರಾತ್ರೋರಾತ್ರಿ ದೇಶ ಬಿಟ್ಟ, ಅವನ ಕಪಾಟಿನಲ್ಲಿ ನಮ್ಮ ಕಾಕಾನ ಪತ್ರಗಳ ಕಟ್ಟು ಸಿಕ್ಕಿತು. ದಿಲ್ಲಿಯಲ್ಲಿ ಗದ್ದಲವೋ ಗದ್ದಲ. ವಿಚಾರಣೆಗೆ ಮೂವರು ಮೆಂಬರುಗಳ ಕಮಿಟಿ ಆಯಿತು. ಅವರು ದಿಲ್ಲಿಯಲ್ಲಿ ಕೂತು ಪತ್ರಗಳನ್ನು ಓದಿ, ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಅರ್ಥವಾಗದೆ, ಕಡೆಗೆ ಸವದತ್ತಿಗೇ ಹೊರಟುಬಂದರು.

ಬಂದವರು ಮೊದಲು ಜೀಪಿನಲ್ಲಿ ತೊರಗಲ್ಲಿಗೆ ಹೋದರು. ರಕ್ಷಣಾ ಗುಟ್ಟು ಬಯಲಾದ ಕೋಟೆಯಲ್ಲಿ ಅವರಿಗೆ ಕಂಡದ್ದು ಇಪ್ಪತ್ತು ಮೇಕೆ, ಗೋಡೆಯ ಮೇಲೆ ಒಣಹಾಕಿದ ಕೌದಿ. ಅಲ್ಲಿಂದ ಬೆವರಿಳಿಸುತ್ತ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂತರು. ಚೇರ್ಮನ್ನರು ಉತ್ತರದವರು, ಬಿಳಿ ಮೀಸೆ, ಮಾತೆಲ್ಲ ಇಂಗ್ಲಿಷಿನಲ್ಲಿ. ದುಭಾಷಿ ಬೇಕಿತ್ತು. ಸುತ್ತಮುತ್ತ ಇಂಗ್ಲಿಷು ಸರಾಗವಾಗಿ ಬರುತ್ತಿದ್ದವಳು ನಾನೊಬ್ಬಳೇ. ಆದ್ದರಿಂದ ತಪ್ಪು ಮಾಡಿದವಳನ್ನೇ ಕರೆದು ತಪ್ಪಿನ ತರ್ಜುಮೆಗೆ ಕೂಡ್ರಿಸಿದರು. ಮೈ ಗಾಡ್!

ಚೇರ್ಮನ್ನರು ಕೇಳಿದರು, ಈ ಬ್ಲ್ಯಾಕ್ ಒನ್ ಯಾರು?

"ಕಾಕಾ, ಆ ಕರೀದು ಯಾರು ಅಂತ ಕೇಳ್ತಾರ್ರಿ."

"ಯಾರಂದ್ರ? ಹಿತ್ತಲದಾಗ ಕಟ್ಟೇವಲ್ಲ. ಕರಕೊಂಡು ಹೋಗಿ ತೋರಸು."

ಮೂವರೂ ಎದ್ದು ಹಿತ್ತಲಿಗೆ ಬಂದರು. ಎಮ್ಮೆ ಮೆಲುಕು ನಿಲ್ಲಿಸಿ ಅವರನ್ನು ನೋಡಿತು, ಅವರೂ ಅದನ್ನು ನೋಡಿದರು. ಚೇರ್ಮನ್ನರು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಒಬ್ಬ ಮೆಂಬರು, ಇನ್ನೊಂದು ಎಲ್ಲಿ ಎಂದು ಕೇಳಿದಾಗ ಕರುವನ್ನೂ ತೋರಿಸಿದೆ.

ಮತ್ತೆ ಪಡಸಾಲೆ. ಕೋಟೆಯ ಗೋಡೆ ಬಿದ್ದಿದೆಯೆಂದು ಪರದೇಶದ ಅಧಿಕಾರಿಗೆ ಏಕೆ ತಿಳಿಸಿದಿರಿ?

"ಬಿದ್ದೈತಿ, ಅದಕ್ಕ ಬಿದ್ದೈತಿ ಅಂದೇನಿ," ಎಂದರು ಕಾಕಾ. "ಮೂರು ವರ್ಷದಿಂದ ಪಾರ್ಲಿಮೆಂಟಿನ್ಯಾಗ ಅದನ್ನ ಹೇಳಬೇಕಂತ ಕೈ ಎತ್ತೇನಿ. ಇವರು ಒಬ್ಬರೂ ಕೇಳಲಿಲ್ಲ, ಅವ ಒಬ್ಬಾಂವ ಕೇಳಿದ. ಇದನ್ನ ಅವರಿಗಿ ಹಿಂಗ ಹೇಳು, ಸಂಕೋಚ ಮಾಡಬ್ಯಾಡ."

ಹಾಗೇ ಹೇಳಿದೆ. ಚೇರ್ಮನ್ನರು ತಮ್ಮ ಮೀಸೆ ಮುಟ್ಟಿಕೊಂಡು ಮುಂದಿನ ಹಾಳೆ ತೆಗೆದರು.

ಆಮೇಲೆ ಕೊನೆಯ ಕೆಂಪು ಗೆರೆ ಬಂತು. ಪ್ರತಿ ಪತ್ರದಲ್ಲೂ ಮುಂದಿನ ಅಪ್ಪಣೆಗೆ ಕಾದಿದ್ದೇನೆ ಎಂದಿದೆ. ಏನು ಅಪ್ಪಣೆ? ಯಾರ ಅಪ್ಪಣೆ?

ಕಾಕಾ ಆ ಮಾತನ್ನು ಆಡಿಯೇ ಇರಲಿಲ್ಲ. ಅದು ಪೂರ್ತಿ ನನ್ನದು. ಪ್ರಶ್ನೆಯನ್ನು ತಡವರಿಸುತ್ತ ಕಾಕಾನಿಗೆ ಹೇಳಿದೆ. ಕಾಕಾ ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು. "ಕಾಕಾ, ಅದು ನಾನ..." ಎಂದೆ.

"ಬಾಯಿ ಮುಚ್ಚು. ನೀ ಇವತ್ತ ದುಭಾಷಿ ಅದಿ, ನಾ ಹೇಳಿದ್ದಷ್ಟ ಹೇಳು. ಹಂಗ ಬರಿಯೂದು ನಮ್ಮ ಕಡೆ ಮರ್ಯಾದಿ ಅನ್ನು. ಎಲ್ಲಾ ಅಕ್ಷರ ನಾನ ಹೊಡದೇನಿ ಅನ್ನು."

"ನಿಮಗ ಎಬಿಸಿಡಿ ಸೈತ ಬರಂಗಿಲ್ಲಲ್ರಿ!"

"ನಿನಗ ಕಿತ್ತೂರಿಗಿ ಹೋಗೂದೈತೋ ಇಲ್ಲೋ?"

ಅದೇ ವಾರ ಕಿತ್ತೂರಿನ ಶಾಲೆಯೊಂದರಿಂದ ನನಗೆ ಇಂಗ್ಲಿಷ್ ಟೀಚರ್ ಕೆಲಸದ ಆರ್ಡರು ಬಂದಿತ್ತು. ಗೂಢಚಾರಿಕೆಯ ವರದಿಯಲ್ಲಿ ಹೆಸರು ಬಂದವಳನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ? ಚೇರ್ಮನ್ನರು, ಇಷ್ಟು ಉದ್ದ ಏನು ಹೇಳಿದರು ಎಂದು ಕೇಳಿದರು. ನಾನು ಬೆನ್ನು ನೆಟ್ಟಗೆ ಮಾಡಿ, ಹೀ ಸೇಸ್ ಹೀ ಟೈಪ್ಡ್ ಎವ್ರಿ ವರ್ಡ್ ಹಿಮ್‌ಸೆಲ್ಫ್, ಸರ್ ಎಂದುಬಿಟ್ಟೆ. ಬೇರೆಯವರ ಸುಳ್ಳನ್ನು ತರ್ಜುಮೆ ಮಾಡಿದರೆ ಪಾಪ ಯಾರದು? ಸಿಸ್ಟರ್‌ಗಳು ಇದನ್ನು ಕಲಿಸಿರಲಿಲ್ಲ.

ಇಂಗ್ಲಿಷಿನಲ್ಲಿ ಬರೆಯುವವರಿಗೆ ದುಭಾಷಿ ಯಾಕೆ ಎಂದರು ಚೇರ್ಮನ್ನರು.

"ಬರಿಯಾಕ ಬರತೈತಿ, ಮಾತಾಡಾಕ ಬರಂಗಿಲ್ಲ ಅನ್ನು."

ಈ ಉತ್ತರ ಮೂವರಿಗೂ ಒಪ್ಪಿಗೆಯಾಯಿತು. ನಮ್ಮ ದೇಶದಲ್ಲಿ ಅರ್ಧ ಜನರ ಕಥೆ ಅದೇ ಅಲ್ಲವೇ? ಆದರೂ ಚೇರ್ಮನ್ನರು ಬಿಡಲಿಲ್ಲ. ಹಾಗಾದರೆ ನಮ್ಮ ಮುಂದೆ ಒಂದು ಸಾಲು ಟೈಪ್ ಮಾಡಲಿ ಎಂದರು. ಟೈಪ್‌ರೈಟರು ಬಂತು. ಕಾಕಾ ಅದರ ಮುಂದೆ ಕೂತು, ಎತ್ತಿನ ಹಲ್ಲು ನೋಡುವಂತೆ ಅದರೊಳಗೆ ಬಗ್ಗಿ ನೋಡಿದರು. ಒಂದು ಬೆರಳು ಎತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಕಾಕಾನ ಹೆಂಡತಿ, ನಮ್ಮ ಕಾಕಿ, ಬಂದರು. ಇಷ್ಟು ಹೊತ್ತೂ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. "ಹೋಳಿಗಿ ಆರಾಕತ್ತಾವು. ನಮ್ಮ ಮನಿಗಿ ಬಂದವರು ಉಪವಾಸ ಕೂತ ತನಿಖಿ ಮಾಡತಾರಂದ್ರ ನಾಳಿ ಮಂದಿ ನನಗ ಉಗಳತಾರ. ಏಳಂತ ಹೇಳ ಅವರಿಗಿ."

ಹೋಳಿಗೆ, ತುಪ್ಪ, ಎಣ್ಣೆಗಾಯಿ, ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ಕಾಕಿ ಪ್ರತಿಯೊಬ್ಬರ ಮುಂದೆ ನಿಂತು, "ಇನ್ನೊಂದು, ನಮ್ಮ ಆಣಿ" ಎಂದು ಬಡಿಸಿದರು. ಅದನ್ನು ನಾನು ತರ್ಜುಮೆ ಮಾಡಬೇಕಾಗಲೇ ಇಲ್ಲ. ಐದನೆಯ ಹೋಳಿಗೆಯ ನಂತರ ಒಬ್ಬ ಮೆಂಬರು ಕಂಬಕ್ಕೆ ಒರಗಿ ನಿದ್ದೆ ಹೋದರು. ಚೇರ್ಮನ್ನರು ಟೈಪ್‌ರೈಟರನ್ನೂ ಕಾಕಾನನ್ನೂ ನನ್ನನ್ನೂ ಒಂದು ಸಲ ನೋಡಿ, ನೋಟ್‌ಬುಕ್ಕು ಮಡಚಿದರು. ಅವರಿಗೆ ಗೊತ್ತಾಗಿತ್ತೆಂದು ಈಗ ಅನ್ನಿಸುತ್ತದೆ.

ಇಷ್ಟು ವರ್ಷ ಮನೆಯವರ ಮುಂದೆ ಈ ಕಥೆ ಹೇಳುವಾಗ ನಾನು ಹೋಳಿಗೆಗೇ ನಿಲ್ಲಿಸುತ್ತಿದ್ದೆ. ಟೈಪ್ ಮಾಡಿದ್ದು ಯಾರೋ ಗುಮಾಸ್ತ ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ವರದಿ ಬಂತು. ಎಮ್ಮೆಗೆ ಕ್ಲೀನ್ ಚಿಟ್ ಸಿಕ್ಕಿತು, ಕೋಟೆಗೂ ಸಿಕ್ಕಿತು. ಆ ಅಪ್ಪಣೆಯ ಸಾಲಿಗೆ ಮಾತ್ರ ಸಮಾಧಾನಕರ ಉತ್ತರ ಸಿಗಲಿಲ್ಲ ಎಂದು ಬರೆದಿದ್ದರು. ಅಷ್ಟೇ ಸಾಕಾಯಿತು. ಮುಂದಿನ ಸಲ ಕಾಕಾನಿಗೆ ಟಿಕೆಟ್ ಸಿಗಲಿಲ್ಲ. ಸವದತ್ತಿಯ ಸಂತೆಯಲ್ಲಿ ಮಂದಿ, "ಸಿ.ಐ.ಡಿ. ಕಾಕಾ, ಬದನಿಕಾಯಿ ಧಾರಣಿ ಏರೇತಿ, ಸಾಹೇಬಗ ತಿಳಿಸ್ರಿ!" ಎಂದು ಕೂಗುತ್ತಿದ್ದರು. ಕಾಕಾ ನಗುತ್ತಿದ್ದರು. ನಾನು ಕಿತ್ತೂರಿನಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸುತ್ತಿದ್ದೆ. ಆ ಸಾಲು ಬಂದಾಗ ಪುಟ ಮಗುಚಿಬಿಡುತ್ತಿದ್ದೆ. ಕಾಕಾನ ಮುಂದೆ ಕೂತು, ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳುವುದೊಂದು ಉಳಿದುಹೋಗಿತ್ತು. ಹಬ್ಬಕ್ಕೆ ಹೋಗುತ್ತಿದ್ದೆ, ಉಂಡು ಬರುತ್ತಿದ್ದೆ, ಹೇಳುತ್ತಿರಲಿಲ್ಲ.

"ಕಡೀಕರ ಹೇಳಿದ್ರೋ ಇಲ್ಲೋ ಆಯಿ?" ಎಂದಳು ಪಲ್ಲವಿ. ಅವಳು ನಗುತ್ತಿರಲಿಲ್ಲ. ಟಿ.ವಿ.ಯನ್ನು ಯಾವಾಗಲೋ ಆರಿಸಿದ್ದಳು. ಗುಮಾಸ್ತನನ್ನು ಕೈಬಿಟ್ಟಿದ್ದರಿಂದಲೋ ಏನೋ, ನನಗೂ ಎದೆ ಹಗುರಾಗಿತ್ತು. ಹೇಳಿದೆ ಎಂದೆ. ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ. ಕಾಕಾನನ್ನು ನಾನು ಕಂಡದ್ದು ಅದೇ ಕೊನೆ.

ಆಗ ಅವರಿಗೆ ಬಹಳ ವಯಸ್ಸಾಗಿತ್ತು. ಬೇಡವೆಂದರೂ ಕೋಲು ಊರಿಕೊಂಡು ನನ್ನನ್ನು ಬೈಲಹೊಂಗಲದ ಬಸ್ಸಿಗೆ ಹತ್ತಿಸಲು ಬಂದಿದ್ದರು. ಕಿಟಕಿಯ ಪಕ್ಕ ಕೂತವಳು ಹೇಗೋ ಅಂದುಬಿಟ್ಟೆ: "ಕಾಕಾ, ಆ ಅಪ್ಪಣೀ ಸಾಲು ನಂದು. ನನ್ನಿಂದ ನಿಮ್ಮ ಟಿಕೆಟ್ ಹೋತು."

"ಇದನ್ನ ಹೇಳಾಕ ಇಷ್ಟು ವರ್ಷ ಬೇಕಾತೇನ ನಿನಗ?"

"ನಿಮಗ ಭಾಳ ಕೆಟ್ಟ ಅನಿಸಿರಬೇಕು."

"ಅನಿಸಿತ್ತವಾ. ಸುಳ್ಳ ಯಾಕ ಹೇಳ್ಲಿ? ಎರಡು ವರ್ಷ ರೇಡಿಯೋದಾಗ ದಿಲ್ಲಿ ಸುದ್ದಿ ಹಚ್ಚಲಿಲ್ಲ ನಾ." ಅವರು ಕಿಟಕಿಯ ಸರಳು ಹಿಡಿದು ಬಸ್ಸಿನ ಒಳಗೆಲ್ಲ ಕಣ್ಣಾಡಿಸಿದರು. ಆಮೇಲೆ ಅವರ ಮುಖದಲ್ಲಿ ಏನೋ ಕಿಡಿಗೇಡಿತನ ಕಾಣಿಸಿತು. ಕಂಡಕ್ಟರು ಸೀಟಿ ಊದುವಷ್ಟರಲ್ಲಿ ಬಾಗಿಲ ಬಳಿ ಹೋಗಿ ಕೋಲಿನಿಂದ ಬಸ್ಸಿನ ತಗಡು ಬಡಿದರು.

"ಏ ತಡೀಪಾ ಕಂಡಕ್ಟರಾ! ಎಲ್ಲಾರೂ ಕೇಳ್ರಿ ಇಲ್ಲೆ. ನನ್ನ ಮ್ಯಾಲೆ ಎನ್‌ಕ್ವಾಯರಿ ಆಗಿತ್ತಲ್ಲ, ಆ ಪತ್ರ ಬರದಾಂವ ನಾ ಅಲ್ಲ, ಅಲ್ಲಿ ಕಿಡಕಿಗಿ ಕುಂತಾಳಲ್ಲ, ನಮ್ಮ ಹುಡುಗಿ, ಆಕಿ! ಎಂಥಾ ಇಂಗ್ಲಿಷ್ ಅಂತೀರಿ! ದಿಲ್ಲಿಯ ಮೂರು ಮಂದಿ ಓದಿ ಓದಿ ಅರ್ಥಾ ಆಗದ ಸವದತ್ತಿ ಮಟಾ ಬಂದ್ರು!"

ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಬಸ್ಸು ಹೊರಟಿತು. ಸ್ವಲ್ಪ ಮುಂದೆ ಹೋದ ಮೇಲೆ ಸೆರಗು ಸರಿಸಿ ಹಿಂದಿನ ಗಾಜಿನಲ್ಲಿ ನೋಡಿದೆ. ಕಾಕಾ ಪಕ್ಕದಲ್ಲಿ ನಿಂತಿದ್ದ ರಾಮದುರ್ಗದ ಬಸ್ಸಿನ ಹತ್ತಿರ ಹೋಗಿ, ಅದರ ಕಿಟಕಿಯಲ್ಲಿದ್ದವರಿಗೆಲ್ಲ ಕೋಲೆತ್ತಿ ನನ್ನ ಬಸ್ಸನ್ನು ತೋರಿಸುತ್ತಿದ್ದರು.