ಬಾಗಿಲಲ್ಲಿ ಒಂದು ಡ್ರಮ್ ನೀರು

ಸೆಲ್ವಿಯನ್ನು ಯಾರೂ ಮದುವೆಗೆ ಕರೆಯುತ್ತಿರಲಿಲ್ಲ. ಆಕೆಯ ಮೇಲೆ ಯಾರಿಗೂ ಹಗೆಯಿರಲಿಲ್ಲ. ಆದರೆ ಆ ಕಂಠ ಕೇಳಿಬಂತೆಂದರೆ ಯಾರದೋ ಮನೆಯಲ್ಲಿ ಜೀವ ಹೋಗಿದೆ ಎಂದು ನಂದಿದುರ್ಗ ಚಿನ್ನದ ಗಣಿಯ ಲೈನುಗಳಲ್ಲಿ ಹುಟ್ಟಿ ಬೆಳೆದ ಎಲ್ಲರಿಗೂ ಗೊತ್ತಿತ್ತು. ಗಣಿ ಕಾರ್ಮಿಕರಿಗೆಂದು ಕಟ್ಟಿದ ಆ ಸಾಲುಮನೆಗಳಲ್ಲಿ ಸತ್ತವರನ್ನು ಹಾಡಿ ಕಳುಹಿಸುವ ವಾಡಿಕೆ ಇದೆ. ತಮಿಳಿನಲ್ಲಿ ಅದಕ್ಕೆ ಒಪ್ಪಾರಿ ಎನ್ನುತ್ತಾರೆ. ಒಬ್ಬಳು ಹೆಣದ ತಲೆಯ ಬಳಿ ಕುಳಿತು ಸತ್ತವನ ಕೆಲಸ, ಸಿಟ್ಟು, ತಮಾಷೆ, ಅವನಿಗೆ ಮೀನು ಸಾರಿನ ಮೇಲಿದ್ದ ಆಸೆ, ಎಲ್ಲವನ್ನೂ ಕರೆದು ಕರೆದು ಹಾಡುತ್ತಾಳೆ. ಸುತ್ತ ಕುಳಿತ ಹೆಂಗಸರು ಪ್ರತಿ ಸಾಲಿನ ಕೊನೆಯನ್ನು ಎತ್ತಿಕೊಳ್ಳುತ್ತಾರೆ. ಒಪ್ಪಾರಿಯನ್ನು ಒಂಟಿ ದನಿಗೆ ಬಿಟ್ಟುಬಿಡುವುದು ಸತ್ತವರಿಗೆ ಮಾಡುವ ಅವಮಾನ. ಮುಗಿದ ಮೇಲೆ ಕಾಲಿಗೂ ತಲೆಗೂ ನೀರು ಮುಟ್ಟಿಸದೆ ಯಾರೂ ತಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ.

ಈ ಹಾಡು ಸೆಲ್ವಿಗೆ ಅಜ್ಜಿಯಿಂದ ಬಂದದ್ದು. ಅಪ್ಪ ಗಣಿಯ ಕೆಳಗೆ ದುಡಿದವರು. ಗಣಿ ಮುಚ್ಚಿದ ಮೇಲೆ ಮನೆಯ ಹೊರೆ ಮಗಳ ಹೆಗಲಿಗೆ ಬಿತ್ತು. ಬೆಳಗಿನ ರೈಲು ಹಿಡಿದು ಬಂಗಾರಪೇಟೆಗೆ ಬರುವುದು, ಅಕ್ಕಿ ಗಿರಣಿಯಲ್ಲಿ ನುಚ್ಚು, ಕಲ್ಲು ಬೇರೆ ಮಾಡುವುದು, ಸಂಜೆಯ ರೈಲಿಗೆ ಮರಳುವುದು. ಮದುವೆಯಾಯಿತು, ಗಂಡ ತೀರಿಕೊಂಡ, ಮಗಳು ಕಲಾ ಮದುವೆಯಾಗಿ ಹೊಸೂರಿಗೆ ಹೋದಳು. ಗಂಡನಿಗೂ ಸೆಲ್ವಿಯೇ ಹಾಡಿದಳೆಂದು ಲೈನಿನವರು ಇಂದಿಗೂ ಹೇಳುತ್ತಾರೆ. ಆ ದಿನ ಬೇರೆ ಯಾರಿಗೂ ಬಾಯಿ ತೆರೆಯುವ ಧೈರ್ಯ ಬರಲಿಲ್ಲವಂತೆ.

ಯುಗಾದಿಯ ಹೊತ್ತಿಗೆ ನಮ್ಮ ಸ್ವರಗಣಿ ಕಲಾ ಸಂಸ್ಥೆ ಒಂದು ವರ್ಷದ ಕಾರ್ಯಕ್ರಮ ಹಾಕಿಕೊಂಡಿತು: ತಿಂಗಳಿಗೊಂದು ಕಛೇರಿ, ವಾರಕ್ಕೊಮ್ಮೆ ಶಾಲೆಗಳಲ್ಲಿ ಹಾಡಿನ ಪಾಠ, ಸಂಕ್ರಾಂತಿ ಕಳೆದ ಮೇಲೆ ಒಂದು ಗೀತನಾಟಕ. ನಾಟಕದಲ್ಲಿ ಮಾತು ಎಂಬುದೇ ಇರಬಾರದು, ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಹಾಡಿನಲ್ಲೇ ನಡೆಯಬೇಕು. ಸಂಸ್ಥೆಯ ಕಾರ್ಯದರ್ಶಿಯಾಗಿ ಆ ವರ್ಷದ ಹೊಣೆ ನನ್ನದಾಗಿತ್ತು. ಕಛೇರಿಗಳು ಒಂದು ಹದಕ್ಕೆ ನಡೆದವು. ಬೂದಿಕೋಟೆಯಲ್ಲಿ ಪಿಟೀಲು ಕಛೇರಿಯ ನಡುವೆ ಡೇರಿಗೆ ಹೊತ್ತಾಯಿತೆಂದು ಅರ್ಧ ಸಭೆ ಎದ್ದು ಹೋಗಿ, ಹಾಲು ಹಾಕಿ, ಖಾಲಿ ಕ್ಯಾನುಗಳ ಸಮೇತ ಮರಳಿ ಬಂದು ಕುಳಿತಿತು. ವಿದ್ವಾಂಸರು ಮೊದಲು ನೊಂದುಕೊಂಡರು, ಆಮೇಲೆ ನಕ್ಕರು.

ಸೆಲ್ವಿಯನ್ನು ಕರೆತಂದವನು ನಮ್ಮ ಸಂಗೀತ ನಿರ್ದೇಶಕ ಮುನಿರಾಜ್. ಸೋದರಮಾವನ ಸಾವಿನ ಮನೆಯಲ್ಲಿ ಆಕೆಯ ಹಾಡು ಕೇಳಿದ್ದ. ಒಂದು ಸಂಜೆ ರೈಲ್ವೆ ಪ್ಲಾಟ್‌ಫಾರಂನಲ್ಲೇ ತಡೆದು, ಬಂಗಾರಪೇಟೆಯ ಒಂದು ಶಾಲೆಯಲ್ಲಿ ಶನಿವಾರದ ಪಾಠ ಮಾಡಬೇಕೆಂದು ಕೇಳಿದ. ನಾನೂ ಜೊತೆಗಿದ್ದೆ.

"ನಾನು ಶಾಲೆಗ್ ಬಂದ್ರೆ ಯಾರಮ್ಮ ಸತ್ತಿದ್ದು ಅಂತ ಹೆಡ್‌ಮಾಸ್ಟ್ರು ಕೇಳ್ತಾರೆ ತಂಬಿ," ಎಂದಳು ಸೆಲ್ವಿ.

"ಒಪ್ಪಾರಿ ಬೇಡಕ್ಕ. ಮಳೆ, ರೈಲು, ಹಸು ಏನಾದ್ರೂ ಹಾಡ್ಸಿ. ಮಕ್ಳಿಗೆ ದನಿ ಬಿಡೋದು ಕಲ್ಸಿ, ಸಾಕು."

ಸೆಲ್ವಿ ಬುತ್ತಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಅದನ್ನ ಬಿಟ್ಟು ಬೇರೆ ಏನಾದ್ರೂ ಹಾಡು ಅಂತ ಇದುವರ್ಗೂ ನನ್ನ ಯಾರೂ ಕೇಳಿಲ್ಲ," ಎಂದಳು. ಅಷ್ಟರಲ್ಲಿ ರೈಲು ಬಂತು. ಹತ್ತಿ ಬಾಗಿಲಲ್ಲಿ ನಿಂತು, "ಶನಿವಾರ ಎಷ್ಟೊತ್ತಿಗೆ?" ಎಂದು ಕೂಗಿದಳು.

ಶಾಲೆಯ ಮಕ್ಕಳು ಆಕೆಗೆ ಸೆಲ್ವಿ ಟೀಚರ್ ಎಂದರು. ಆ ಹೆಸರು ಮೊದಲ ಸಲ ಕೇಳಿದಾಗ ಆಕೆ ಹಿಂದಿರುಗಿ ನೋಡಿದ್ದುಂಟು, ಬೇರೆ ಯಾರೋ ಬಂದರೇನೋ ಎಂದು. ಗಿರಣಿಯಲ್ಲಿ ಅರ್ಧ ದಿನ ರಜೆ ಹೇಳಿ, ಇಸ್ತ್ರಿ ಸೀರೆ ಉಟ್ಟು ಬರತೊಡಗಿದಳು. ಒಂದೇ ಹಾಡನ್ನು ಕನ್ನಡದಲ್ಲಿ ಎತ್ತಿ, ತೆಲುಗಿನಲ್ಲಿ ತಿರುಗಿಸಿ, ತಮಿಳಿನಲ್ಲಿ ಇಳಿಸುತ್ತಿದ್ದಳು. ಯಾವ ಮಗುವಿಗೂ ಅದು ತನ್ನ ಮನೆಯ ಹಾಡೇ ಅನ್ನಿಸುತ್ತಿತ್ತು. ಮಕ್ಕಳು ಪಳಗಿದ್ದನ್ನು ಕಂಡ ಮುನಿರಾಜ್ ಗೀತನಾಟಕದ ಮೇಳಕ್ಕೆ ಅವರನ್ನೇ ಆರಿಸಿದ. ನಾಟಕದ ಹೆಸರು 'ಕೆಳಗಿನ ಊರು'. ಗಣಿಗಿಳಿದ ಮಗ ಮೇಲೆ ಬರುವುದಿಲ್ಲ, ತಾಯಿ ಕಾಯುತ್ತಾಳೆ. ತಾಯಿಯ ಪಾತ್ರ ಸೆಲ್ವಿಯದು. ಕೊನೆಯ ಹಾಡು ಒಪ್ಪಾರಿಯ ಧಾಟಿಯಲ್ಲಿತ್ತು.

ಅವರೆಕಾಯಿಯ ಕಾಲ ಬರುವವರೆಗೆ ಎಲ್ಲವೂ ಸುಸೂತ್ರವಾಗಿತ್ತು. ಒಂದು ಶನಿವಾರ ಶಾಲೆಯ ಅಂಗಳದಲ್ಲಿ ಒಂದು ಗೊರವಂಕ ಸತ್ತು ಬಿದ್ದಿತ್ತು. ಮಕ್ಕಳು ಗುಂಡಿ ತೋಡಿ ಅದನ್ನು ಹೂತು, ಹಾಡಬೇಕೆಂದು ಸೆಲ್ವಿಯ ಸೆರಗು ಹಿಡಿದರು. ಆಕೆ ಆಗದೆಂದಳು, ಅವರು ಬಿಡಲಿಲ್ಲ. "ಹಳದಿ ಕೊಕ್ಕಿನ ರಾಜ, ಕಾಳು ಇಲ್ಲೇ ಐತಲ್ಲ, ನೀನೆಲ್ಲಿ ಹೋದೆ" ಎಂದು ಎರಡು ಸಾಲು ಹಾಡಿದಳು. ಮಕ್ಕಳು ಸಾಲಿನ ಕೊನೆಯನ್ನು ಎತ್ತಿಕೊಂಡರು. ಕೈಕಾಲು ತೊಳೆಯಿರಿ ಎಂದು ಆಕೆ ಹೇಳುವಷ್ಟರಲ್ಲಿ ಮನೆಗೆ ಬಿಡುವ ಗಂಟೆ ಹೊಡೆಯಿತು. ನಲ್ಲಿಯಲ್ಲಿ ಆ ದಿನ ನೀರೂ ಇರಲಿಲ್ಲ.

ಆ ಮಕ್ಕಳಲ್ಲಿ ಚಂದನ ಎಂಬ ಹುಡುಗಿ ಒಬ್ಬಳು. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅಜ್ಜಿಯ ಜೊತೆ ಅವರೆಕಾಯಿ ಬಿಡಿಸುತ್ತ, ಹಳದಿ ಕೊಕ್ಕಿನ ರಾಜನನ್ನು ಗಟ್ಟಿಯಾಗಿ ಕರೆದು ಅತ್ತಂತೆ ಹಾಡಿದಳು. ಮನೆಯಲ್ಲಿ ಅವಳ ಅಕ್ಕ ರೂಪ ಚೊಚ್ಚಲ ಬಸುರಿ. ಅಜ್ಜಿ ಅಮ್ಮಾಜಮ್ಮ ಬೀದಿಗೇ ಹಿರಿಯಳು. ಹಸು ಕಟ್ಟಿ, ಹಾಲು ಹಾಕಿ ಮನೆ ನಿಲ್ಲಿಸಿದ ಹೆಂಗಸು. ಆಕೆ ಒಂದು ಮಾತು ಆಡಿದರೆ ಬೀದಿಯ ತಾಯಂದಿರೆಲ್ಲ ಅದನ್ನೇ ಆಡುತ್ತಾರೆ. ಸೋಮವಾರ ಬೆಳಗ್ಗೆ ಅವರನ್ನೆಲ್ಲ ಕಟ್ಟಿಕೊಂಡು ಶಾಲೆಯ ಮುಂದೆ ನಿಂತಳು.

"ಬಸುರಿ ಎಂಗ್ಸು ಇರೋ ಮನೇಲಿ, ದೀಪ ಅಚ್ಚೋ ಒತ್ನಾಗೆ, ಎಣದ ಮುಂದೆ ಆಡೋ ಆಡು! ನಮ್ ಕೂಸಿಗೆ ಅದನ್ನ ಕಲ್ಸಿದೋಳ್ ಯಾರು? ಕರೀರಿ ಇಲ್ಲಿಗೆ!"

ಮುಖ್ಯೋಪಾಧ್ಯಾಯರು ಹಾಡಿನ ತರಗತಿಯನ್ನು ಅಂದೇ ನಿಲ್ಲಿಸಿದರು. ನಾಟಕದ ಮೇಳಕ್ಕೂ ಮಕ್ಕಳನ್ನು ಕಳುಹಿಸುವುದಿಲ್ಲ ಎಂದು ತಾಯಂದಿರು ಹೇಳಿದರು. ಆ ಆಕ್ಷೇಪದಲ್ಲಿ ಹಾಡಿನ ಭಯ ಎಷ್ಟಿತ್ತು, ಲೈನಿನ ಜನರ ಮೇಲಿನ ಅಸಡ್ಡೆ ಎಷ್ಟಿತ್ತು ಎಂದು ನಾನು ತೂಗಲು ಹೋಗುವುದಿಲ್ಲ. ಎರಡೂ ಇದ್ದವು.  ಮುಂದಿನ ಶನಿವಾರ ಸೆಲ್ವಿ ಗಿರಣಿಯಲ್ಲಿ ಪೂರ್ತಿ ದಿನ ಕೆಲಸ ಮಾಡಿದಳು. ನಾನು ಅಲ್ಲಿಗೆ ಹೋದಾಗ ಮೊರದಿಂದ ಕಣ್ಣೆತ್ತದೆ, "ಟೀಚರ್ ಅಂತಿದ್ರು ಮೇಡಂ. ಅಷ್ಟು ದಿನ ಆದ್ರೂ ಅಂದ್ರಲ್ಲ," ಎಂದಳು. ಅದು ಹೀಗೇ ಮುಗಿಯುವುದಕ್ಕೆ ನಾನು ಒಪ್ಪಲಿಲ್ಲ.

ಹಗಲು ದುಡಿದು ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಸಿದ್ಧತೆಯಿಲ್ಲದೆ ಯಾರ ಮುಂದೆಯೂ ಮಾತಿಗೆ ನಿಲ್ಲುವುದಿಲ್ಲ. ಕಲೆ ಎಂದರೇನು, ಮಕ್ಕಳಿಗೆ ಅದು ಏಕೆ ಬೇಕು ಎಂಬುದನ್ನು ಅಚ್ಚುಕಟ್ಟಾಗಿ ಜೋಡಿಸಿಕೊಂಡು, ಮುನಿರಾಜ್ ಮತ್ತು ಸೆಲ್ವಿಯ ಜೊತೆ ಅಮ್ಮಾಜಮ್ಮನ ಮನೆಗೆ ಹೋದೆ. ಅಮ್ಮಾಜಮ್ಮ ನಮ್ಮಿಬ್ಬರಿಗೆ ಜಗಲಿಯಲ್ಲಿ ಕುರ್ಚಿ ಹಾಕಿಸಿದಳು. ಸೆಲ್ವಿ ಅಂಗಳದಲ್ಲೇ, ಹಸುವಿನ ಗೂಟದ ಬಳಿ ನಿಂತಳು.

ನಾನು ಆರಂಭಿಸಿದೆ: "ಅಮ್ಮಾ, ಕಲೆ ಎನ್ನುವುದು..."

"ಕಲೆ ಇರ್ಲಿ ಬುಡಿ ಮೇಡಮ್ಮ. ನಾನೊಂದು ಮಾತು ಕೇಳ್ತೀನಿ. ಎಣದ ಮನೆಯಿಂದ ಬಂದೋರು ನೀರು ಮುಟ್ಟದೆ ಒಳಕ್ಕೆ ಬತ್ತಾರಾ?"

ಉತ್ತರ ಅಂಗಳದಿಂದ ಬಂತು. "ಬರಲ್ಲಮ್ಮ," ಎಂದಳು ಸೆಲ್ವಿ.

"ಮತ್ತೆ ನಮ್ ಕೂಸು ಎಂಗ್ ಬಂತು?"

"ನಲ್ಲೀಲಿ ನೀರಿರ್ಲಿಲ್ಲ. ಗಂಟೆ ಹೊಡೀತು, ಎಲ್ಲಾ ಓಡ್ಬಿಟ್ರು. ನನ್ ಬಾಟ್ಲಿ ನೀರಾದ್ರೂ ಚಿಮುಕಿಸ್ಬೇಕಿತ್ತು, ಆಗ್ಲಿಲ್ಲ. ಬಸುರಿ ಇರೋ ಮನೆ ಅಂತ ಆಮೇಲೆ ಗೊತ್ತಾಯ್ತು. ಅವತ್ತಿಂದ ದಿನಾ ಮಾರಿಯಮ್ಮನ್ ಗುಡೀಗೆ ಹೋಗಿ ಆ ಬಸುರಿ ಹುಡುಗಿ ಹೆಸ್ರು ಹೇಳಿ ಬರ್ತಾ ಇದೀನಿ."

ಅಮ್ಮಾಜಮ್ಮ ಆಕೆಯ ಕಡೆಗೆ ಪೂರ್ತಿಯಾಗಿ ತಿರುಗಿದ್ದು ಆಗಲೇ. "ನೀರಿನ ಸಂಗ್ತಿ ನಿಮ್ಗೂ ಐತಾ?"

"ನಮ್ ಪಾಟಿ, ನಮ್ಮಜ್ಜಿ, ಮೊದ್ಲು ಕಲ್ಸಿದ್ದೇ ಅದಮ್ಮ. ಹಾಡು ಆಮೇಲೆ."

ಜಗಳ ಅಲ್ಲಿಗೆ ಸಡಿಲವಾಯಿತು. ಇಬ್ಬರ ದೃಷ್ಟಿಯಲ್ಲೂ ಹಾಡು ತಪ್ಪಲ್ಲ; ನೀರಿಲ್ಲದೆ ಹೋದದ್ದು ತಪ್ಪು. ನಾನು ಜೋಡಿಸಿಕೊಂಡು ಬಂದ ಮಾತುಗಳು ಯಾರಿಗೂ ಬೇಕಾಗಲಿಲ್ಲ. ಆದರೆ ಮುನಿರಾಜ್ ಸುಮ್ಮನಿರಲಾರದೆ, "ಅಮ್ಮಾ, ನಾಟಕದಲ್ಲಿ ಬರೋದು ನಿಜವಾದ ಸಾವಲ್ಲ," ಎಂದ.

"ಕೇಳ್ದೋರಿಗೆ ಅಳು ಬತ್ತದಾ, ಇಲ್ವಾ?"

"ಬರ್ಬೇಕು. ಬರ್ದೇ ಇದ್ರೆ ನಾನು ಕೆಟ್ಟೆ."

"ಬಂದ್ರೆ ನೀರು ಬೇಕೇ ಬೇಕು ಕಣಪ್ಪ. ಬಾಗ್ಲಲ್ಲಿ ಒಂದು ಡ್ರಮ್ ಇಡ್ಸು. ಬೇವಿನ ಸೊಪ್ಪು ಆಕ್ಸು. ಒಬ್ಬರೂ ಅಂಗೇ ಮನೀಗೆ ಓಗ್ಬಾರ್ದು. ನಾನೇ ಬಂದು ಮಗ್ಗು ಇಡ್ಕಂಡು ನಿಂತ್ಕತೀನಿ. ಅದೆಲ್ಲ ಸರಿಯಾದ್ರೆ ಮಕ್ಳ ಪಾಠದ ಮಾತು ಆಮೇಲೆ." ಒಳಗೆ ಕಾಫಿ ಮಾಡುತ್ತಿದ್ದ ರೂಪಳಿಗೆ ಕೂಗಿ ಹೇಳಿದಳು: "ಮೂರು ಲೋಟ ಕಣೇ! ಅಂಗಳದಾಗೂ ಒಬ್ರವ್ರೆ."

ಮಕ್ಕಳು ಮೇಳಕ್ಕೆ ಮರಳಿದರು. ಶನಿವಾರದ ಪಾಠ ಮಾತ್ರ ಹಾಗೆಯೇ ನಿಂತಿತ್ತು. ಅದೆಲ್ಲ ನಾಟಕದ ಆ ಒಂದು ಸಂಜೆಯ ಮೇಲೆ ನಿಂತಿತ್ತು ಎಂಬುದು ಸೆಲ್ವಿಗೂ ತಿಳಿದಿತ್ತು.

ನಾಟಕ ನಡೆದದ್ದು ಮೈಸೂರು ಮೈನ್ಸ್ ಎಂಬ ಇನ್ನೊಂದು ಮುಚ್ಚಿದ ಗಣಿಯ ಬಳಿಯ ಒಂದು ಹಳೆಯ ಸಭಾಂಗಣದಲ್ಲಿ, ಭಾನುವಾರ ಬಿಸಿಲು ಇಳಿಯುವ ಹೊತ್ತಿಗೆ. ಕಟ್ಟಡಕ್ಕೆ ನೀರಿನ ಸೌಕರ್ಯವಿರಲಿಲ್ಲ. ಟ್ಯಾಂಕರ್ ತರಿಸಿ ನೀಲಿ ಡ್ರಮ್ ತುಂಬಿಸಿದೆವು. ಲೈನಿನ ಜನ ಮನೆಗೆ ಬೀಗ ಹಾಕಿ ಬಂದಿದ್ದರು. ಬಂಗಾರಪೇಟೆಯವರು ರೈಲಿನಲ್ಲಿ ಬಂದರು. ಅಮ್ಮಾಜಮ್ಮ ಬೇವಿನ ಸೊಪ್ಪನ್ನು ಮನೆಯಿಂದಲೇ ತಂದು, ಡ್ರಮ್ಮಿನ ಪಕ್ಕ ಒಂದು ಸ್ಟೂಲು ಹಾಕಿಸಿಕೊಂಡು ಹೊರಗೇ ಕುಳಿತಳು.

"ಒಳಗೆ ಬನ್ನಿ ಅಮ್ಮಾ, ಚಂದನ ಮುಂದಿನ ಸಾಲಿನಲ್ಲೇ ಹಾಡುತ್ತಾಳೆ," ಎಂದೆ.

"ಇಲ್ಲಿಂದ್ಲೇ ಕೇಳ್ತದೆ. ನಂಗೆ ನೀರ್ ಕೆಲ್ಸ."

ಕೊನೆಯ ಹಾಡು ಬಂದಾಗ ನಾನು ಬಾಗಿಲಲ್ಲಿದ್ದೆ. ರಂಗದ ಮೇಲೆ, ಕೆಲಸಗಾರರನ್ನು ಇಳಿಸಿ ಏರಿಸುವ ಗಣಿಯ ತೊಟ್ಟಿಲು ಖಾಲಿಯಾಗಿ ಮೇಲೆ ಬರುತ್ತದೆ. ತಾಯಿ ಅದರ ಮುಂದೆ ಕುಳಿತು ಹಾಡುತ್ತಾಳೆ. ಮುನಿರಾಜ್ ಅದನ್ನು ಒಂಟಿ ದನಿಗೆಂದೇ ಬರೆದಿದ್ದ. ಹಾರ್ಮೋನಿಯಂ ಕೂಡ ನಿಲ್ಲಬೇಕಿತ್ತು. ಸೆಲ್ವಿ ಮೊದಲ ಸಾಲು ಮುಗಿಸಿದಳು. ಸಭೆಯ ನಡುವಿನಿಂದ ಕನಕಮ್ಮ ಎಂಬ ಲೈನಿನ ಮುದುಕಿ ಅದರ ಕೊನೆಯನ್ನು ಎತ್ತಿಕೊಂಡಳು. ಎರಡನೆಯ ಸಾಲಿಗೆ ಅವಳ ಇಡೀ ಬೆಂಚು ದನಿಗೂಡಿಸಿತು. ಮೂರನೆಯದಕ್ಕೆ ಹೆಂಗಸರು ಎದ್ದರು.

ಮನೆಗೆ ಹೊರಟೇಬಿಟ್ಟರೆಂದು ನಾನು ತಿಳಿದೆ.  ಅವರು ಹೊರಡಲಿಲ್ಲ. ರಂಗದ ಮುಂದೆ ಹೋಗಿ ನೆಲದ ಮೇಲೆ ಗುಂಡಾಗಿ ಕುಳಿತರು. ಸತ್ತದ್ದು ನಾಟಕದ ಮಗನೇ ಇರಬಹುದು. ಆದರೂ ಒಪ್ಪಾರಿಯನ್ನು ಒಂಟಿಯಾಗಿ ಬಿಡುವುದು ಅವರಿಂದಾಗಲಿಲ್ಲ. ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿ ಹಣ್ಣಾದ ಅಶ್ವತ್ಥಪ್ಪನವರು ನಿರ್ದೇಶಕನ ಕಡೆ ನೋಡದೆಯೇ ಮೆಲ್ಲಗೆ ಶ್ರುತಿ ಹಿಡಿದರು. ಬರೆದಿದ್ದ ಸಾಲುಗಳು ಮುಗಿದವು. ಸೆಲ್ವಿ ನಿಲ್ಲಿಸಲಿಲ್ಲ, ಆ ಮಗನ ಊಟದ ಡಬ್ಬಿ, ತಲೆಯ ದೀಪ, ಅವನು ಬಿಟ್ಟುಹೋದ ಚಪ್ಪಲಿ, ಒಂದೊಂದನ್ನೂ ಕರೆದು ಹಾಡಿದಳು. ಮೇಳದ ಮಕ್ಕಳು ತಾವಾಗಿಯೇ ದನಿ ಕೊಟ್ಟರು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. ಹೆಂಗಸರಿಗೆ ಆ ಗುರುತು ಗೊತ್ತು, ತಟ್ಟನೆ ನಿಲ್ಲಿಸಿದರು.

ನಾನು ಪಕ್ಕಕ್ಕೆ ನೋಡಿದೆ. ಸ್ಟೂಲು ಖಾಲಿಯಿತ್ತು. ಅಮ್ಮಾಜಮ್ಮ ಹೊಸ್ತಿಲ ಒಳಗೆ, ಮಗ್ಗು ಎದೆಗವಚಿಕೊಂಡು ನಿಂತಿದ್ದಳು. ನಾನು ನೋಡಿದ್ದು ತಿಳಿದು, "ಒಗೆ ಕಣ್ಣಿಗ್ ಬಿತ್ತು," ಎಂದಳು. ಅಲ್ಲೆಲ್ಲೂ ಹೊಗೆಯಿರಲಿಲ್ಲ.

ಆಮೇಲೆ ಜನ ಸಾಲಾಗಿ ಬಂದರು. ಬೆಂಗಳೂರಿನಿಂದ ಬಂದ ಅತಿಥಿಗಳೂ ಏನು ಎತ್ತ ಎಂದು ಕೇಳದೆ ಬೂಟು ಬಿಚ್ಚಿ ಕಾಲು ಒಡ್ಡಿದರು. ಅಮ್ಮಾಜಮ್ಮ ಒಬ್ಬೊಬ್ಬರಿಗೂ ನೀರು ಹಾಕಿ, ಬೇವಿನ ಎಲೆಯಿಂದ ತಲೆಗೆ ಚಿಮುಕಿಸಿ ಕಳುಹಿಸಿದಳು. ಚಂದನಳಿಗೆ ಎರಡು ಮಗ್ಗು ಬಿತ್ತು. ಎಲ್ಲರೂ ಹೋದ ಮೇಲೆ ಸೆಲ್ವಿ ಬಂದು ಮಗ್ಗಿಗೆ ಕೈ ಚಾಚಿದಳು.

ಅಮ್ಮಾಜಮ್ಮ ಕೊಡಲಿಲ್ಲ. "ಅಷ್ಟು ಮನೆಗಳಲ್ಲಿ ಆಡಿದ್ದೀಯ. ನಿಂಗೆ ಯಾರು ಉಯ್ತಾರೆ ನೀರು?"

"ನಾನೇ ಹುಯ್ಕೊಳ್ಳೋದಮ್ಮ. ಅಷ್ಟೊತ್ತಿಗೆ ಎಲ್ಲಾ ಹೋಗಿರ್ತಾರೆ."

"ಸೀರೆ ಒಸಿ ಎತ್ಕೊ."

ಅಮ್ಮಾಜಮ್ಮ ಬಗ್ಗಿ ಆಕೆಯ ಪಾದಗಳ ಮೇಲೆ ನೀರು ಸುರಿದಳು. ಡ್ರಮ್ಮಿನ ತಳದಲ್ಲಿ ಉಳಿದದ್ದೆಲ್ಲ ಮುಗಿಯುವವರೆಗೆ ಸುರಿದಳು. ಮರುದಿನ ಮುಖ್ಯೋಪಾಧ್ಯಾಯರಿಂದ ಫೋನ್ ಬಂತು: ಶನಿವಾರದ ಪಾಠ ಎಂದಿನಂತೆ ನಡೆಯಬಹುದು, ಶಾಲೆಯ ನಲ್ಲಿಯ ಬಳಿ ಅಮ್ಮಾಜಮ್ಮನವರು ಒಂದು ಡ್ರಮ್ ಇಡಿಸಿದ್ದಾರೆ.  

ಶಿವರಾತ್ರಿಯ ಆಸುಪಾಸಿನಲ್ಲಿ ರೂಪಳಿಗೆ ಹೆಣ್ಣು ಮಗುವಾಯಿತು. ತಾಯಿ, ಮಗು ಇಬ್ಬರೂ ಸುಖವಾಗಿದ್ದರು. ತೊಟ್ಟಿಲ ಶಾಸ್ತ್ರಕ್ಕೆ ಬಂದು ಜೋಗುಳ ಹಾಡಬೇಕೆಂದು ಅಮ್ಮಾಜಮ್ಮ ಗಿರಣಿಗೇ ಹೋಗಿ ಸೆಲ್ವಿಯನ್ನು ಕರೆದಳಂತೆ. ಆ ಸಂಜೆ ಸೆಲ್ವಿ ನನ್ನ ಮನೆಗೆ ಬಂದು, ಬಾಗಿಲಲ್ಲೇ ನಿಂತು, "ಮೇಡಂ, ಇಂಥದಕ್ಕೆ ಯಾವ ಬಣ್ಣದ ಸೀರೆ ಉಡ್ತಾರೆ?" ಎಂದು ಕೇಳಿದಳು. ಹಸಿರು ಎಂದೆ.

ಹಸಿರು ಸೀರೆಯಲ್ಲಿ ಹೋದಳು. ನಾನೂ ಹೋಗಿದ್ದೆ. ಆಕೆ ದನಿ ಎತ್ತಿದಾಗ ಒಂದಿಬ್ಬರು ಹೆಂಗಸರು ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ತನ್ನ ಅಜ್ಜಿ ಕಲಿಸಿದ ಜೋಗುಳವೊಂದನ್ನು ಸೆಲ್ವಿ ಮೂರೂ ಭಾಷೆಗಳಲ್ಲಿ ಹಾಡಿದಳು. ಮಗು ನಿದ್ದೆ ಮಾಡಲಿಲ್ಲ, ತಾರಕಕ್ಕೇರಿಸಿ ಅತ್ತಿತು.

"ಅಳ್ಲಿ ಬುಡು, ನಿನ್ ಶಿಷ್ಯೆ ಆಗ್ತಾಳೆ," ಎಂದಳು ಅಮ್ಮಾಜಮ್ಮ. ಮನೆ ತುಂಬ ನಗು.

ಹಾಡು ಮುಗಿಯಿತು. ಸೆಲ್ವಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಬದುಕಿಡೀ ನಡೆದುಬಂದ ರೂಢಿಯಂತೆ, ಯಾರಿಗೂ ಹೇಳದೆ ಹಿತ್ತಲಿನ ನೀರಿನ ತೊಟ್ಟಿಯ ಕಡೆಗೆ ನಡೆದಳು.

"ಏ ಸೆಲ್ವೀ, ಎಲ್ಲಿಗ್ ಓಗ್ತೀಯೆ?" ಅಮ್ಮಾಜಮ್ಮ ತೊಟ್ಟಿಲ ಬಳಿಯಿಂದಲೇ ಕೂಗಿದಳು. "ಇದಕ್ಕೆ ನೀರು ಬ್ಯಾಡ ಕಣೇ! ಬಾ, ಎಲೆ ಆಕವ್ರೆ, ಊಟಕ್ಕೆ ಕೂತ್ಕ."