ಕೊಲೆಗಾರನಿಗೆ ಕೊಟ್ಟ ಕೆಮ್ಮು

ಇನ್ನೊಬ್ಬರು ಓದುವ ಪುಸ್ತಕವನ್ನು ಹೆಗಲ ಮೇಲಿನಿಂದ ಕದ್ದು ಓದುವುದು ಕೆಟ್ಟ ಚಾಳಿಯೆಂದು ನಾನು ರಾಮದುರ್ಗದ ಸಾಲೆಯಲ್ಲಿ ಹುಡುಗರಿಗೆ ಹೇಳಿಕೊಡುತ್ತೇನೆ. ಹೇಳಿಕೊಡುವವನು ತಾನೂ ಪಾಲಿಸಬೇಕೆಂದು ಯಾವ ಇಲಾಖೆಯೂ ಇನ್ನೂ ಹುಕುಂ ಹೊರಡಿಸಿಲ್ಲ. ಹೀಗಾಗಿ ಹೋದ ಶನಿವಾರ ಬೈಲಹೊಂಗಲಕ್ಕೆಂದು ಬಸ್ಸು ಹತ್ತಿದವನು, ಮುಂದಿನ ಸೀಟಿನಲ್ಲಿದ್ದ ಅರಿವೆ ವ್ಯಾಪಾರಿಯ ಟೊಪ್ಪಿಗೆಯ ಪಕ್ಕದಿಂದ ಕತ್ತು ಚಾಚಿದೆ. ಒಂದು ಸಾಲು ಕಣ್ಣಿಗೆ ಬಿತ್ತು: ‘ಆಗ ಬಾಗಿಲ ಹೊರಗೆ ಯಾರೋ ಕೆಮ್ಮಿದರು.’

ಆ ಕೆಮ್ಮು ನನ್ನದು! ನನ್ನದೆಂದರೆ ನಾನು ಕೆಮ್ಮಿದ್ದು. ಅಸಲು ಮಾಲಕರು ಬೇರೆ. ಅದೇ ಪುಸ್ತಕ. ನಾನು ಊರಿಗೆಲ್ಲ ಓದಿ ಹೇಳಿದ, ಆದರೆ ಕೊನೆಯ ಅಧ್ಯಾಯವನ್ನು ಮಾತ್ರ ಇಂದಿಗೂ ಕಾಣದ ಪುಸ್ತಕ. ವ್ಯಾಪಾರಿಯ ಬಲಗೈ ಕೆಳಗೆ ಉಳಿದ ಹಾಳೆಗಳು ಸೊಲ್ಲಾಪುರದ ಚಾದರಿನ ಹಾಗೆ ದಪ್ಪವಿರಲಿಲ್ಲ, ಮಲ್ ಬಟ್ಟೆಯ ಹಾಗೆ ತೆಳ್ಳಗಿದ್ದವು. ಸವದತ್ತಿ ಬರುವುದರೊಳಗೆ ಈತ ಮುಗಿಸುತ್ತಾನೆ. ಕೊಲೆಗಾರ ಯಾರೆಂದು ಇವನಿಗೆ ಗೊತ್ತಾಗುತ್ತದೆ, ನನಗೆ ಆಗುವುದಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ಉಂಟೇ, ನೀವೇ ಹೇಳಿ.

ಊರಿಗೆ ಅದನ್ನು ಓದಿ ಹೇಳುತ್ತಿದ್ದ ಕಾಲಕ್ಕೆ ನಾನು ಮ್ಯಾಟ್ರಿಕ್ ಪರೀಕ್ಷೆಗೆ ಕುಳಿತು ಬಂದು, ಫಲಿತಾಂಶದ ದಾರಿ ಕಾಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಇದ್ದ ಒಂದೇ ವಿದ್ಯೆ ಇನ್ನೊಬ್ಬರ ದನಿ ತೆಗೆಯುವುದು. ಅಡಿಗೆಮನೆಯ ಹೊರಗೆ ನಿಂತು ಅಪ್ಪನ ದನಿಯಲ್ಲಿ ಚಹಾ ಕೇಳಿದರೆ ಅವ್ವ ಎರಡನೆಯ ಮಾತಿಲ್ಲದೆ ತಂದುಕೊಡುತ್ತಿದ್ದಳು; ನನ್ನ ದನಿಯಲ್ಲಿ ಕೇಳಿದರೆ ಹಾಲು ಇಲ್ಲ ಎನ್ನುತ್ತಿದ್ದಳು. ನನ್ನ ಸ್ವಂತ ದನಿಯ ಕಿಮ್ಮತ್ತು ಅಷ್ಟು.

ಬೈಲಹೊಂಗಲದ ಪೇಟೆಯಲ್ಲಿ ಮಕ್ತುಮಸಾಬನ ಹೊಲಿಗೆಯಂಗಡಿ ಇತ್ತು. ಮಧ್ಯಾಹ್ನ ಪೇಟೆ ತೂಕಡಿಸುವ ಹೊತ್ತಿಗೆ ನಾಲ್ಕು ಮಂದಿ ಅಲ್ಲಿ ಸೇರುತ್ತಿದ್ದರು. ಹತ್ತಿಯ ಅಡತಿ ಅಂಗಡಿಯ ಗುರುಸಿದ್ದಪ್ಪ ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ ಹೊತ್ತು ಬರುತ್ತಿದ್ದ. ಮೂಲೆಯಲ್ಲಿ ಬಸವ್ವ ಅಂಗಿಗಳಿಗೆ ಗುಂಡಿ, ಕಾಜಾ ಹೊಲಿಯುತ್ತಿದ್ದಳು. ಬೀದಿಯವರು ಕಟ್ಟೆಯ ಮೇಲೆ. ಮಕ್ತುಮಸಾಬನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಕೇಳಲು ಮಾತ್ರ ಕಿವಿ ಆನೆಯಷ್ಟು. ಯಾರೋ ಗಿರಾಕಿ ಬಿಟ್ಟು ಹೋದ ಹರಕು ಪುಸ್ತಕವೊಂದಕ್ಕೆ ಅವನೇ ಖಾಕಿ ತುಂಡಿನ ಹೊದಿಕೆ ಹಾಕಿ, ಕರಿ ದಾರದಲ್ಲಿ ಹೊಲಿದು ನನ್ನ ಕೈಗಿಟ್ಟ. ಮುಖಪುಟವಿಲ್ಲದ್ದರಿಂದ ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾವು ಅದನ್ನು ಖಾಕಿ ಪುಸ್ತಕ ಎಂದೆವು.

ಕತೆಯಲ್ಲಿ ಒಂದು ವಾಡೆ, ಅರಮನೆಯಂಥ ಮನೆ. ಅದರೊಳಗೆ ಒಬ್ಬರಾದ ಮೇಲೆ ಒಬ್ಬರು ಸಾಯುತ್ತಾರೆ. ಪ್ರತಿ ಕೊಲೆಗೂ ಮುಂಚೆ ಬಾಗಿಲ ಹೊರಗೆ ಒಂದು ಕೆಮ್ಮು. ಒಬ್ಬ ಯಜಮಾನ, ಸತ್ತವರ ನಾಡಿ ನೋಡಲು ಬರುವ ಒಬ್ಬ ವೈದ್ಯ, ಒಬ್ಬ ಪತ್ತೇದಾರ, ಮತ್ತು ಕತೆ ಹೇಳುವ ಅವನ ಗೆಳೆಯ. ನಾನು ಸುಮ್ಮನೆ ಓದುವ ಪೈಕಿಯೇ? ಯಜಮಾನನಿಗೆ ಗುರುಸಿದ್ದಪ್ಪನ ದನಿ ಕೊಟ್ಟೆ, ಪತ್ತೇದಾರನಿಗೆ ನಮ್ಮ ಹೆಡ್‌ಮಾಸ್ತರರದು. ಕತೆ ಹೇಳುವ ಗೆಳೆಯನಿಗೆ ಯಾರದೂ ಒಪ್ಪಲಿಲ್ಲ. ನನ್ನದನ್ನೇ ಕೊಟ್ಟು ಕೈ ತೊಳೆದುಕೊಂಡೆ. ವೈದ್ಯನಿಗೆ ನಮ್ಮ ಓಣಿಯ ಆಚಾರ್ಯರು ಸಿದ್ಧವಾಗಿಯೇ ಇದ್ದರು.

ಆಚಾರ್ಯರ ಹಿರಿಯರು ಪುರಾಣ ಹೇಳಿ ಶಾಲು ಹೊದ್ದವರು. ಇವರು ಪುರಾಣ ಬಿಟ್ಟು ಪುಡಿ ಹಿಡಿದಿದ್ದರು. ಯಾವ ರೋಗಕ್ಕೂ ಪುಡಿ, ಯಾವ ಪುಡಿಯೂ ಕಹಿ. ಮನೆಮನೆಗೆ ತಾವೇ ಒಯ್ದು ಕೊಡುವರು. ಹೊಸ್ತಿಲ ಮುಂದೆ ನಿಂತು ಎರಡು ಗಿಡ್ಡ ಕೆಮ್ಮು, ಆಮೇಲೆ ಟ್ರಂಕು ಎಳೆದಂಥ ಒಂದು ಉದ್ದ ಕೆಮ್ಮು. ಗಂಡಸರು ಬಂದರೆಂದು ಒಳಗಿನ ಹೆಣ್ಣುಮಕ್ಕಳಿಗೆ ತಿಳಿಯಲಿ, ಸೆರಗು ಸರಿಮಾಡಿಕೊಳ್ಳಲಿ ಎಂಬ ಹಳೆಯ ಮರ್ಯಾದೆ ಅದು. ಪುಸ್ತಕದಲ್ಲಿ ‘ಯಾರೋ ಕೆಮ್ಮಿದರು’ ಎಂದಷ್ಟೇ ಇತ್ತು. ಹೇಗೆ ಕೆಮ್ಮಿದರು ಎಂದು ಬರೆದಿರಲಿಲ್ಲ. ಇಂಥ ಕೊರತೆಯನ್ನು ನಾನು ಸಹಿಸಲಾರೆ. ಇದ್ದುದರಲ್ಲಿ ಉತ್ತಮವಾದ ಕೆಮ್ಮನ್ನು ಹಾಕಿದೆ. ಕಟ್ಟೆಯ ಮೇಲಿದ್ದವರು ಒಮ್ಮೆಲೆ ಹಿಂದಕ್ಕೆ ತಿರುಗಿ ನೋಡಿದರು. ಕಲಾವಿದನಿಗೆ ಇನ್ನೇನು ಬೇಕು?

ಅಭಿಪ್ರಾಯಗಳಿಗೆ ಅಲ್ಲಿ ಬರವಿರಲಿಲ್ಲ. ಗುರುಸಿದ್ದಪ್ಪನಿಗೆ ಇಡೀ ಪುಸ್ತಕದ ಮೇಲೆ ಒಂದೇ ಸಿಟ್ಟು.

“ಅಲ್ಲೋ, ಮುಂಜಾನಿಂದ ಹೆಣಾ ಎಣಸಾಕ ಹತ್ಯಾರ, ಒಬ್ಬಾಂವರೆ ಊಟಾ ಮಾಡ್ಯಾನೇನು? ಅಡಿಗಿ ಮಾಡಾಕಿನ್ನ ಮೊದಲಽ ಕೊಂದಾರೇನು ಮತ್ತ?”

ಮಕ್ತುಮಸಾಬ, ಕೊಲೆ ನಡೆದಲ್ಲಿ ಕೋಟಿನ ಗುಂಡಿ ಸಿಕ್ಕಿತೆಂಬ ಅಧ್ಯಾಯ ಕೇಳಿ ಮಷಿನು ನಿಲ್ಲಿಸಿದ. “ಗುಂಡಿ ಹರದ ಬಿತ್ತಂದ್ರ ಅಂವಾ ನಮ್ಮ ಗಿರಾಕಿ ಅಲ್ಲ ಬಿಡು ಭಾಯ್. ನಮ್ಮ ಬಸವ್ವ ಹಚ್ಚಿದ ಗುಂಡಿ, ಖೂನಿ ಮಾಡಿದಾಂವ ಗಲ್ಲಿಗೆ ಹೋದ್ರೂ ಕೋಟ ಬಿಟ್ಟ ಹೋಗೂದಿಲ್ಲ.”

ಬಸವ್ವ ಸೂಜಿಯಿಂದ ತಲೆ ಎತ್ತದೆ ಅಂದಳು: “ಆ ವೈದ್ಯನಽ ಖರೇ. ಕೆಮ್ಮಿದ್ದು ಕೇಳಿಲ್ಲೇನು?”

ಎಲ್ಲರೂ ಹೌದೆಂದರು. ಕತೆ ನಮ್ಮ ಕಟ್ಟೆಯ ಮೇಲೆಯೇ ನಿಂತಿದ್ದರೆ ಚಿಂತೆಯಿರಲಿಲ್ಲ. ಕೇಳಿದವರು ಮನೆಗೆ ಹೋಗಿ ಹೆಂಡಿರು ಮಕ್ಕಳಿಗೆ ಹೇಳಿದರು, ಕೆಮ್ಮಿಯೂ ತೋರಿಸಿದರು. ಒಂದು ದಿನ ನಾನು ಹೊಸ ಅಧ್ಯಾಯ ತೆರೆಯುತ್ತಿದ್ದಾಗ ಆಚಾರ್ಯರು ನೆಟ್ಟಗೆ ಅಂಗಡಿಯೊಳಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಪುಡಿಯ ಚೀಲ ತುಂಬಿದ್ದು ತುಂಬಿದ ಹಾಗೇ ಇತ್ತು.

“ಏ ಮಂಗ್ಯಾ,” ಎಂದರು, “ನನ್ನ ಕೆಮ್ಮು ನನಗ ತಿರುಗಿ ಕೊಡು.”

ನಾನು ಹಲ್ಲು ಕಿರಿದೆ. ಅವರು ನಗಲಿಲ್ಲ.

“ಮೊದಲ ನಾ ಕೆಮ್ಮಿದ್ರ ಹೆಣ್ಮಕ್ಕಳು ಸೆರಗ ಸರೀ ಮಾಡಿಕೋತಿದ್ರು. ಈಗ ಅಗಳಿ ಹಾಕ್ಕೋತಾರ. ನನ್ನ ಕೈಯ ಪುಡಿ ಯಾರೂ ಬಾಯಿಗೆ ಹಾಕವಲ್ರು.”

“ಕೆಮ್ಮಲಾರದಽ ಒಳಗ ಹೋಗ್ರೆಲ್ಲಾ, ಆಚಾರ್ಯರ,” ಎಂದೆ.

“ಅದನ್ನೂ ಮಾಡಿ ನೋಡಿದೆ. ನಿನ್ನೆ ಈ ಗುರುಸಿದ್ದಪ್ಪನ ಮನ್ಯಾಗ ಸುಮ್ಮನ ಒಳಗ ಹೋದೆ. ಇವರವ್ವ ಕುಟ್ಟಲಿಕ್ಕೆ ಕೂತಿದ್ಲು. ನನ್ನ ನೋಡಿ ಒನಕಿ ಎತ್ತಿದ್ಲಪ್ಪಾ!”

ಗುರುಸಿದ್ದಪ್ಪ ಶಲ್ಯೆಯಿಂದ ಬಾಯಿ ಮುಚ್ಚಿಕೊಂಡ. “ಅವ್ವಗ ಕಿವಿ ಕೇಳಂಗಿಲ್ರಿ ಆಚಾರ್ಯರ. ಆದ್ರ ಈ ಕತಿ ಮಾತ್ರ ನಾವು ಒದರಿ ಒದರಿ ಹೇಳೇವಿ.”

“ಕೊಡಿಲ್ಲೆ ಪುಸ್ತಕ,” ಎಂದರು ಆಚಾರ್ಯರು. “ಖೂನಿ ಮಾಡಿದಾಂವ ಯಾರಂತ ನಾನಽ ನೋಡ್ತೀನಿ. ವೈದ್ಯ ಅಲ್ಲದಿದ್ರ ಈಗಿಂದೀಗ ಓಣ್ಯಾಗ ಡಂಗುರಾ ಹೊಡಸು.”

ಪುಸ್ತಕದ ಹಿಂದಿನಿಂದ ತೆರೆದರು. ಹಾಳೆ ಮುಗಿದಿತ್ತು, ಕತೆ ಮುಗಿದಿರಲಿಲ್ಲ. ಅಲ್ಲಿಂದ ಮುಂದೆ ಬರೀ ಖಾಕಿ. ನಾವೆಲ್ಲ ಮಕ್ತುಮಸಾಬನ ಮುಖ ನೋಡಿದೆವು. ಅವನು ಗೋಡೆಯ ಮೊಳೆಯ ಮುಖ ನೋಡುತ್ತಿದ್ದ. ಮೊಳೆಗೆ ಅಂಗಿಯ ಅಳತೆಗೆ ಕತ್ತರಿಸಿದ ಕಾಗದದ ನಮೂನೆಗಳು ತೂಗಾಡುತ್ತಿದ್ದವು. ಒಂದನ್ನು ಮೆಲ್ಲಗೆ ಬಿಚ್ಚಿ ತಂದ.

“ಹೊಲಿಯೂವಾಗ ಕಡೀ ಹಾಳಿ ಸಡ್ಲ ಆಗಿದ್ದೂರಿ. ಕಾಗದಾ ಗಟ್ಟಿ ಇತ್ತು. ಅಕ್ಷರ ಅಂತ ನನಗೇನ ಗೊತ್ತು? ಅಂಟು ಹಚ್ಚಿ, ಮಡಚಿ, ಕಾಲರಿಗೆ ಕತ್ರಿ ಹಾಕಿದ್ನಿ.”

ಕಾಲರು ಅಚ್ಚುಕಟ್ಟಾಗಿತ್ತು, ಅದರಲ್ಲಿ ದೋಷವಿಲ್ಲ. ನಾನು ಅದರ ಮೇಲಿದ್ದ ಸಾಲನ್ನು ಓದಿದೆ: ‘ಇಷ್ಟು ಜನರನ್ನು ಕೊಂದವನು ಬೇರೆ ಯಾರೂ ಅಲ್ಲ, ನಮ್ಮೆದುರಿಗೇ ಕುಳಿತಿರುವ ಈ’. ಅಲ್ಲಿಗೆ ಕೊರಳಿನ ಸುತ್ತಿಗೆಂದು ಕತ್ತರಿ ಬಿದ್ದಿತ್ತು. ಉಳಿದ ಚೂರುಗಳು ಎಂದೋ ಕಸದೊಂದಿಗೆ ಹೋಗಿದ್ದವು.

ಎಲ್ಲರ ಕಣ್ಣೂ ನಿಧಾನವಾಗಿ ಸ್ಟೂಲಿನ ಕಡೆಗೆ ತಿರುಗಿದವು. ಆಚಾರ್ಯರು ತಟ್ಟನೆ ಎದ್ದು ನಿಂತರು.

“ಇನ್ನ ನೀನಽ ಮುಗಸಪಾ,” ಎಂದು ಬಸವ್ವ ನನಗೆ ತೀರ್ಪು ಕೊಟ್ಟಳು. “ಎಲ್ಲಾರ ದನಿ ತಗದಾಂವ ನೀನು. ಯಾರ ಕೊರಳಿಗೆ ಹಾಕತೀಯೋ ಹಾಕು.”

ಅಂದಿನಿಂದ ನನಗೆ ಬಂದ ಮಾನಮರ್ಯಾದೆ ಯಾವ ನ್ಯಾಯಾಧೀಶನಿಗೂ ಬಂದಿರಲಿಕ್ಕಿಲ್ಲ. ಗುರುಸಿದ್ದಪ್ಪ ಸಂಜೆ ಚುರುಮರಿ ಕೊಡಿಸಿ, “ನೋಡ ತಮ್ಮಾ, ಯಜಮಾನ ಖೂನಿ ಮಾಡ್ಯಾನಂದ್ರ ನಾಳೆ ನನ್ನ ಅಡತಿಗೆ ಹತ್ತಿ ಯಾರ ತರತಾರೋ?” ಎಂದ. ಹೆಡ್‌ಮಾಸ್ತರರು ದಾರಿಯಲ್ಲಿ ಕಂಡು, ಪತ್ತೇದಾರನ ಶೀಲದ ಬಗ್ಗೆ ತಮಗೆ ಸಂಶಯವಿಲ್ಲವೆಂದು ಸೂಚಿಸಿದರು. ಆಚಾರ್ಯರು ಮಾತ್ರ ಬರಲಿಲ್ಲ. ಅವರ ಮನೆಯ ಮುಂದೆ ಹಾದಾಗ ಒಳಗೆ ಪುಡಿ ಕುಟ್ಟುವ ಸದ್ದೂ ಇರಲಿಲ್ಲ.

ಕೊನೆಯ ಓದಿನ ದಿನ ಕಟ್ಟೆ ತುಂಬಿ ಬೀದಿಗಿಳಿದಿತ್ತು. ನನ್ನ ಗಂಟಲು ಮಾತ್ರ ಬೆಳಗಿನಿಂದ ಮುಷ್ಕರ ಹೂಡಿತ್ತು. ಊರಿನ ಕೊಲೆಗಳನ್ನೆಲ್ಲ ಒಬ್ಬನೇ ಕೆಮ್ಮಿದರೆ ಇನ್ನೇನಾದೀತು? ಬಾಯಿ ತೆರೆದರೆ ಬರೀ ಗಾಳಿ. ಆಗ ಗುಂಪನ್ನು ಸರಿಸಿಕೊಂಡು ಆಚಾರ್ಯರು ಬಂದರು, ಒಂದು ಪೊಟ್ಟಣವನ್ನು ಇಸ್ತ್ರಿಯ ಮೇಜಿನ ಮೇಲಿಟ್ಟರು. “ಜೇನುತುಪ್ಪದಾಗ ಕಲಸೀನಿ. ತಗೋ. ದನಿ ಬರ್ತದ.”

ಮಕ್ತುಮಸಾಬ ಮಷಿನು ನಿಲ್ಲಿಸಿದ.

“ಬ್ಯಾಡ ಎಪ್ಪಾ,” ಎಂದಳು ಬಸವ್ವ, ಮೆಲ್ಲಗೆ.

ಈಗ ನಿಮ್ಮಲ್ಲಿ ಮುಚ್ಚಿಡುವುದೇನು? ನನ್ನ ಕೈ ಮುಂದೆ ಹೋಗಲಿಲ್ಲ. ಆ ಕೆಮ್ಮನ್ನು ಪುಸ್ತಕದೊಳಗೆ ಇಟ್ಟವನು ನಾನೇ. ಈ ಆಚಾರ್ಯರು ಇರುವೆಯನ್ನೂ ದಾಟಿ ನಡೆಯುವವರೆಂದು ಬಲ್ಲವನೂ ನಾನೇ. ಆದರೂ ಆ ಪೊಟ್ಟಣಕ್ಕೆ ಹೆದರಿದೆ. ನನ್ನ ಕತೆಗೆ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಮಳ್ಳ ನಾನೇ ಎಂದು ಆಗ ತಿಳಿಯಿತು.

ಆಚಾರ್ಯರು ಕಟ್ಟೆಯವರ ಮುಖ ನೋಡಿದರು. ಆಮೇಲೆ, “ಇರ್ಲಿ ಬಿಡು,” ಎಂದು ಪೊಟ್ಟಣ ತಿರುಗಿ ತೆಗೆದುಕೊಳ್ಳಲು ಕೈ ಚಾಚಿದರು. ಅವರಿಗಿಂತ ಮುಂಚೆ ನಾನು ಅದನ್ನು ಕಸಿದು ಬಾಯಿಗೆ ಹಾಕಿಕೊಂಡೆ.

ಏನು ಕಹಿ! ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ನಾನು ಕೆಮ್ಮಿದೆ: ಎರಡು ಗಿಡ್ಡ, ಒಂದು ಉದ್ದ. ಕಟ್ಟೆಯವರು ಕಣ್ಣು ಪಿಳುಕಿಸದೆ ನಾನು ಸಾಯುವುದನ್ನು ಕಾದರು. ನಾನು ಸಾಯಲಿಲ್ಲ. ಚಹಾ ತರಿಸಿ ಕುಡಿಯುವಷ್ಟರಲ್ಲಿ ಒಡೆದ ಕೊಳಲಿನಂಥ ದನಿಯೊಂದು ಹೊರಟಿತು. ಅದರಲ್ಲಿ ಬೇರೆ ಯಾರ ದನಿಯನ್ನೂ ತೆಗೆಯಲು ಸಾಧ್ಯವಿರಲಿಲ್ಲ, ನನ್ನದೊಂದನ್ನು ಬಿಟ್ಟು. ಖಾಕಿ ಪುಸ್ತಕವನ್ನು ಮುಖಕ್ಕೆ ಹಿಡಿದು, ಇಲ್ಲದ ಅಧ್ಯಾಯವನ್ನು ಓದಿದೆ. ಕತೆ ಹೇಳುತ್ತ ಬಂದ ಆ ಗೆಳೆಯನೇ ಕೊಂದವನು. ಪಾಪದ ವೈದ್ಯನ ಮೇಲೆ ಸಂಶಯ ಬರಲಿ ಎಂದು ಬಾಗಿಲ ಹೊರಗೆ ನಿಂತು ಅವನ ಹಾಗೆ ಕೆಮ್ಮುತ್ತಿದ್ದ.

“ನನಗ ಮೊದಲಽ ಗೊತ್ತಿತ್ತ ತಗೀರಿ,” ಎಂದಳು ಬಸವ್ವ. “ಇಷ್ಟ ಮಾತಾಡಾಂವ ಒಳ್ಳ್ಯಾಂವ ಇರಂಗಿಲ್ಲ.”

“ಆತು, ಇನ್ನರೆ ಎಲ್ಲಾರೂ ಉಂಡ್ರಿಲ್ಲೋ?” ಎಂದ ಗುರುಸಿದ್ದಪ್ಪ.

ಮರುದಿನ ಓಣಿಯಲ್ಲಿ ಅಸಲು ಕೆಮ್ಮು ಕೇಳಿಸಿತು. ಅಗಳಿ ತೆಗೆದ ಸದ್ದೂ ಕೇಳಿಸಿತು. ಎಲ್ಲ ಬಾಗಿಲೂ ಒಮ್ಮೆಲೆ ತೆರೆದವೆಂದರೆ ಸುಳ್ಳಾದೀತು. ಗುರುಸಿದ್ದಪ್ಪನ ಅವ್ವ ಹಬ್ಬದವರೆಗೂ ಒನಕೆಯನ್ನು ಕೈಗೆಟಕುವಲ್ಲೇ ಇಟ್ಟುಕೊಂಡಿದ್ದಳು. ನನಗೆ ಮಾತ್ರ ‘ಖೂನಿಗಾರ’ ಎಂಬ ಬಿರುದು ಗಟ್ಟಿಯಾಯಿತು. ಊರು ಬಿಟ್ಟು ರಾಮದುರ್ಗಕ್ಕೆ ಬಂದದ್ದಕ್ಕೆ ನೌಕರಿಯೊಂದೇ ಕಾರಣವಲ್ಲ.

ಇತ್ತ ಬಸ್ಸು ಮನೋಳಿ ದಾಟಿತು. ವ್ಯಾಪಾರಿ ಕೊನೆಯ ಹಾಳೆ ಮುಗಿಸಿ, ಪುಸ್ತಕ ಮುಚ್ಚಿ, ಉಸಿರುಬಿಟ್ಟ. ನನಗೆ ತಡೆಯಲಾಗಲಿಲ್ಲ.

“ಯಾರ್ರೀ?” ಎಂದೆ.

ಆತ ತಿರುಗಿ ನೋಡಿದ. ಪುಸ್ತಕ ಮುಗಿಸಿದವರಿಗೆ ಹೇಳುವ ಚಪಲ ಎಷ್ಟಿರುತ್ತದೆ, ಗೊತ್ತಲ್ಲ. “ಆ ವೈದ್ಯನಽ ನೋಡ್ರಿ! ಔಷಧದಾಗ ವಿಷಾ ಹಾಕತಿದ್ದ. ಭಾರೀ ಚಲೋ ಬರದಾನ.”

“ಸುಳ್ಳು!” ಎಂದೆ. ಕಂಡಕ್ಟರನೂ ತಿರುಗಿ ನೋಡಿದ. “ಬರದಾಂವಗ ಏನೂ ಗೊತ್ತಿಲ್ರಿ. ವೈದ್ಯರು ಅಂಥಾವ್ರಲ್ಲ.”

“ನೀವೂ ಓದೀರೇನು?”

“ಕಡೀ ಅಧ್ಯಾಯ ಓದಿಲ್ಲ. ಆದ್ರ ಅವರ ಪುಡಿ ತಗೊಂಡೇನಿ.”

ಆತ ಪುಸ್ತಕವನ್ನು ಚೀಲಕ್ಕೆ ಸೇರಿಸಿ, ಎದ್ದು ಡ್ರೈವರನ ಹಿಂದಿನ ಸೀಟಿಗೆ ಹೋಗಿ ಕುಳಿತ. ಸವದತ್ತಿಯಲ್ಲಿ ಇಳಿಯುವಾಗ ನನ್ನ ಕಡೆ ನೋಡಲೂ ಇಲ್ಲ.

ಬೈಲಹೊಂಗಲದಲ್ಲಿ ಇಳಿದವನು ನಮ್ಮ ಮನೆಗೆ ಹೋಗುವ ಮೊದಲು ಆಚಾರ್ಯರ ಮನೆಗೆ ನಡೆದೆ. ಹೊಸ್ತಿಲ ಮುಂದೆ ನಿಂತು ಮರ್ಯಾದೆಯಿಂದ ಕೆಮ್ಮಿದೆ: ಎರಡು ಗಿಡ್ಡ, ಒಂದು ಉದ್ದ. ಅಣಕಿಸಬೇಕೆಂದು ಅಲ್ಲ. ನನಗೆ ಈಗ ಬೇರೆ ಕೆಮ್ಮು ಬರುವುದೇ ಇಲ್ಲ. ಒಳಗೆ ಪುಡಿ ಕುಟ್ಟುವ ಸದ್ದು ನಿಂತಿತು.

“ಬಾರೋ ಖೂನಿಗಾರಾ,” ಎಂದರು ಆಚಾರ್ಯರು. “ಕದಾ ತೆರದಽ ಅದ.”